ಗೋಡೆಯಾಚೆಯ ನೆರೆ



ಕಳೆದ ತಿಂಗಳು ನಾವು ಪತ್ನೀಸಮೇತರಾಗಿ ಬಾಗಲಕೋಟೆಯ ನವನಗರಕ್ಕೆ ಹೋಗಿ ಮೂರು ದಿನ ಇದ್ದು ಬಂದೆವು. ತೀರ್ಥಯಾತ್ರೆಗಾಗಲಿ ಮದುವೆ ಮುಂಜಿವೆಗಳಿಗಾಗಲಿ ಹೋದದ್ದಲ್ಲ. ಒಬ್ಬ ತಂದೆಯು ನಮ್ಮ ಮೇಲೆ ಹೊರಿಸಿದ ಭಾರವನ್ನು ಇಳಿಸುವದಕ್ಕಾಗಿ ಹೋದದ್ದು. ಆ ಭಾರವು ಎಂಥದು, ಅದು ಹೇಗೆ ಇಳಿಯಿತು ಎಂಬದನ್ನೇ ಈ ಸಲದ ಮಾತಿಗೆ ವಿಷಯವಾಗಿ ತೆಗೆದುಕೊಂಡಿದ್ದೇವೆ. ಇಂದು ಎಷ್ಟೋ ಮನೆಗಳಲ್ಲಿ ಇದೇ ಭಾರವು ತಂದೆತಾಯಿಗಳ ಎದೆಯ ಮೇಲೆ ಕುಳಿತಿರುವದರಿಂದ ವಾಚಕರು ಬೇಸರಪಡಲಾರರೆಂದು ನಂಬಿದ್ದೇವೆ.

ಇಲಕಲ್ಲಿನಲ್ಲಿ ನಮಗೆ ಪರಿಚಿತರಾದ ಒಬ್ಬ ನೇಕಾರರಿದ್ದಾರೆ. ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ಸೀರೆ ನೇಯುತ್ತ ಮೂವತ್ತು ವರ್ಷ ಕಳೆದವರು. ಅವರ ಹಿರಿಯ ಮಗಳು, ನಾವು ಆ ಊರಿನಲ್ಲಿ ಶಿಕ್ಷಕರಾಗಿದ್ದಾಗ, ನಮ್ಮ ಕೈಯಲ್ಲಿ ಸಂಸ್ಕೃತ ಕಲಿತವಳು. ಈಗ ಇಪ್ಪತ್ತುಮೂರು ವಯಸ್ಸು. ನವನಗರದ ಒಂದು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸ. ಒಂದು ಅಪಾರ್ಟಮೆಂಟಿನ ಎರಡನೆಯ ಅಂತಸ್ತಿನಲ್ಲಿ ಎರಡು ಕೋಣೆಗಳ ಮನೆಯನ್ನು ಬಾಡಿಗೆಗೆ ಹಿಡಿದು ಒಬ್ಬಳೇ ಇರುತ್ತಾಳೆ. ವಾರದಲ್ಲಿ ಎರಡು ದಿನ ರಾತ್ರಿಯ ಪಾಳಿ.

ಆ ತಂದೆಯು ಒಂದು ಸಂಜೆ ಹುನಗುಂದದ ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕುಳಿತು, ಬಹಳ ಹೊತ್ತು ಮಳೆಬೆಳೆಗಳ ಮಾತಾಡಿ, ಕೊನೆಗೆ ತಲೆ ತಗ್ಗಿಸಿ ಹೇಳಿದರು: “ಮಾಸ್ತರ್ರ, ನಾಲ್ಕು ಮಂದಿ ನಾಲ್ಕು ಮಾತಾಡಾಕ ಹತ್ಯಾರ್ರಿ. ಅವರವ್ವ ಉಣ್ಣವಲ್ಲಳು. ನೀವು ಒಮ್ಮೆ ಹೋಗಿ ಕಣ್ಣಿಲೆ ನೋಡಿ ಬರ್ರಿ. ನೀವು ಬ್ಯಾಡ ಅಂದ್ರ ನಾಳೆನ ಕರಕೊಂಡು ಬರ್ತೀನಿ.”

ನಾವೂ ಒಳಗೊಳಗೇ “ಬೇಡ” ಎನ್ನುವದಕ್ಕೆ ಸಿದ್ಧರಾಗಿಯೇ ಹೊರಟೆವೆಂಬದನ್ನು ಇಲ್ಲಿ ಮುಚ್ಚಿಡಲಾರೆವು. ಒಂದು ಸೂರಿನಡಿಯಲ್ಲಿ ನಾಲ್ಕು ತಲೆಮಾರು ಬಾಳಿದ ಮನೆಯಲ್ಲಿ ಬೆಳೆದ ನಮಗೆ, ಒಬ್ಬಳೇ ಹುಡುಗಿ ಒಂದು ಬೀಗದ ಹಿಂದೆ ಇರುವದೆಂದರೆ ಸಂಸಾರವೆಂದೇ ತೋರುತ್ತಿರಲಿಲ್ಲ. ಅಮೀನಗಡದಲ್ಲಿ ಬಸ್ಸು ನಿಂತಾಗ ನಮ್ಮ ಮನೆಯವರು ಹುಡುಗಿಗೆಂದು ಕರದಂಟು ಕೊಂಡರು. “ಕರೆದುಕೊಂಡು ಬರುವವಳಿಗೆ ಇದೇತಕ್ಕೆ?” ಎಂದೆವು. ಅವರು ಉತ್ತರ ಕೊಡಲಿಲ್ಲ.

ನವನಗರದ ವೃತ್ತಾಂತವನ್ನು ಅರಿಯದ ವಾಚಕರಿಗಾಗಿ ಎರಡು ಮಾತು ಹೇಳುವದು ಅವಶ್ಯವಾಗಿದೆ. ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಕಟ್ಟಿದ ಆಣೆಕಟ್ಟಿಗೆ 1964ರಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ಆಣೆಕಟ್ಟು ಏರಿದಂತೆ ಅದರ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ಸರಿದು ಬಂದು ಹಳೆಯ ಬಾಗಲಕೋಟೆಯ ತಗ್ಗಿನ ಭಾಗಗಳನ್ನು ತನ್ನ ಹೊಟ್ಟೆಗೆ ಹಾಕಿಕೊಂಡಿತು. ಆ ಜನರಿಗಾಗಿ ಎತ್ತರದ ನೆಲದಲ್ಲಿ ಕಟ್ಟಿದ ಊರೇ ನವನಗರ. ಅದರ ಯೋಜನೆಯಲ್ಲಿ ಪ್ರಖ್ಯಾತ ವಾಸ್ತುಶಿಲ್ಪಿಗಳಾದ ಚಾರ್ಲ್ಸ ಕೊರಿಯಾ ಅವರ ಕೈ ಇದ್ದಿತು. 1997ರಲ್ಲಿ ವಿಜಾಪುರದಿಂದ ಬೇರ್ಪಟ್ಟು ಬಾಗಲಕೋಟೆಯು ಸ್ವತಂತ್ರ ಜಿಲ್ಲೆಯಾಯಿತು. ಕಚೇರಿಗಳು, ಕಾಲೇಜುಗಳು, ಆಸ್ಪತ್ರೆಗಳು ನವನಗರಕ್ಕೆ ಬಂದವು. ಅವುಗಳ ಬೆನ್ನಿಗೆ ತರುಣ ಜನರು ಬಂದರು. ಜಲಾಶಯದ ಪೂರ್ಣ ಮಟ್ಟವು 519.60 ಮೀಟರು. 2010ರಲ್ಲಿ ಕೃಷ್ಣಾ ನ್ಯಾಯಾಧಿಕರಣವು ಅದನ್ನು 524.256 ಮೀಟರಿನವರೆಗೆ ಏರಿಸಲು ಅನುಮತಿ ಕೊಟ್ಟ ಮೇಲಂತೂ, ಮುಂದೆ ಯಾವ ಮನೆಗಳ ಸರದಿ ಎಂಬ ಮಾತು ಆ ಸೀಮೆಯ ಕಟ್ಟೆಗಳ ಮೇಲೆ ನಿಂತಿಲ್ಲ.

ಹಳೆಯ ಊರಿನಲ್ಲಿ ಓಣಿಗಳಿಗೆ ಹೆಸರುಗಳಿದ್ದವು. ಇಲ್ಲಿ ಸೆಕ್ಟರಿಗೆ ಅಂಕಿ, ಮನೆಗೆ ಅಂಕಿ. ಅಂಕಿಗಳನ್ನು ಹುಡುಕುತ್ತ ನಾವು ಆ ಕಟ್ಟಡವನ್ನು ತಲುಪಿದಾಗ ವಿದ್ಯುತ್ತು ಹೋಗಿ ಲಿಫ್ಟು ನಿಂತಿದ್ದಿತು. ಮೆಟ್ಟಿಲೇರುತ್ತ ನಮ್ಮ ಮನೆಯವರು, “ಬಾದಾಮಿಯ ಮೇಣಬಸದಿ ಹತ್ತಿದಂತಾಯಿತು” ಎಂದರು. ಅಲ್ಲಿ ಹತ್ತಿದರೆ 578ರಲ್ಲಿ ಮಂಗಲೇಶನು ಮಾಡಿಸಿದ ವಿಷ್ಣುವಿನ ಗವಿಯ ದರ್ಶನವಾದರೂ ಆಗುವದು, ಇಲ್ಲಿ ಮುಚ್ಚಿದ ಬಾಗಿಲುಗಳ ಹೊರತು ಏನೂ ಕಾಣದಲ್ಲಾ ಎಂದು ನಾವು ನಗೆಯಾಡಿದೆವು.

ಹುಡುಗಿಯ ಬಾಗಿಲ ಮುಂದೆ ಒಂದು ಜೊತೆ ಗಂಡಸರ ಚಪ್ಪಲಿಗಳಿದ್ದವು. ನಮ್ಮ ಎದೆ ಧಸಕ್ಕೆಂದಿತು. ಅವಳು ಬಾಗಿಲು ತೆರೆದು, ಕಾಲಿಗೆ ನಮಸ್ಕರಿಸಿ, ನಮ್ಮ ದೃಷ್ಟಿ ಎಲ್ಲಿದೆಯೆಂಬದನ್ನು ಅರಿತು, ನಕ್ಕು ಹೇಳಿದಳು: “ಅಪ್ಪನ ಹಳೇ ಚಪ್ಪಲ್ರಿ ಮಾಸ್ತರ್ರ. ಅಪ್ಪ ಇಲ್ಲಿಲ್ಲದಿದ್ರೂ ಅವು ಬಾಗಲಾ ಕಾಯತಾವ್ರಿ.” ನಮಗೆ ನಾಚಿಕೆಯಾಯಿತು. ಜೊತೆಗೆ, ಒಬ್ಬ ಹೆಣ್ಣುಮಗಳು ನೆಮ್ಮದಿಯಿಂದ ಮಲಗಬೇಕಾದರೆ ಬಾಗಿಲಿಗೆ ಗಂಡಸಿನ ಚಪ್ಪಲಿಯನ್ನಾದರೂ ಇಡಬೇಕಾಯಿತಲ್ಲಾ ಎಂದು ವ್ಯಥೆಯೂ ಆಯಿತು.

ಒಳಗೆ ಹೆಚ್ಚೇನಿರಲಿಲ್ಲ. ಒಂದು ಚಾಪೆ, ಒಂದು ಮೇಜು, ತಾಯಿ ಕೊಟ್ಟ ಹಿತ್ತಾಳೆಯ ತಂಬಿಗೆ. ಡಬ್ಬಿಗಳಲ್ಲಿ ಗುರೆಳ್ಳ ಹಿಂಡಿ, ಶೇಂಗಾದ ಹಿಂಡಿ, ಬಟ್ಟೆಯಲ್ಲಿ ಸುತ್ತಿದ ಕಟಕು ರೊಟ್ಟಿ. ಬಾಲ್ಕನಿಯಲ್ಲಿ ಬಣ್ಣದ ಹಳೆಯ ಡಬ್ಬಿಯೊಂದರಲ್ಲಿ ತುಳಸಿ. ಅಂಗಳವಿಲ್ಲದ, ಹಿತ್ತಿಲಿಲ್ಲದ, ಪಡಸಾಲೆಯಿಲ್ಲದ ಇದು ಮನೆ ಹೇಗಾದೀತೆಂದು ನಾವು ಮನಸ್ಸಿನಲ್ಲಿಯೇ ತರ್ಕಿಸುತ್ತಿದ್ದೆವು. ಆದರೆ ನಮ್ಮ ಹುನಗುಂದ ತಾಲೂಕಿನ ಐಹೊಳೆಯಲ್ಲಿ ಜನರು ಎಷ್ಟೋ ಕಾಲ ಗುಡಿಗಳಲ್ಲಿಯೇ ಸಂಸಾರ ಹೂಡಿದ್ದುದು ನೆನಪಾಯಿತು. ಲಾಡಖಾನ ಗುಡಿಗೆ ಆ ಹೆಸರು ಬಂದದ್ದು ಅಲ್ಲಿ ವಾಸಿಸುತ್ತಿದ್ದ ಮನುಷ್ಯನಿಂದ. ಚಾಲುಕ್ಯರ ಕಾಲದ ಕಲ್ಲಿನ ಕಂಬಗಳ ನಡುವೆ ಒಲೆ ಹೂಡಿದರೆ ಅದು ಮನೆಯಾಗುವದಾದರೆ, ಸಿಮೆಂಟಿನ ಎರಡು ಕೋಣೆಗಳು ಏಕೆ ಆಗಬಾರದು?

ಮರುದಿನ ಸಂಜೆ ಮೆಟ್ಟಿಲ ಮೇಲೆ ಆ ಕಟ್ಟಡದ ಗೃಹಸ್ಥರೊಬ್ಬರು ನಮ್ಮನ್ನು ತಡೆದು, ಯಾರು ಏನು ಎಂದು ವಿಚಾರಿಸಿ, ದನಿ ತಗ್ಗಿಸಿ, “ಆ ಹುಡುಗಿ ರಾತ್ರಿ ಹೋಗಿ ಮುಂಜಾನೆ ಬರ್ತಾಳ್ರಿ. ಹಿರಿಯರು ನೀವು, ತುಸು ಹೇಳ್ರಿ” ಎಂದರು. ಇಲಕಲ್ಲಿನವರೆಗೆ ಹೋಗಿದ್ದ ನಾಲ್ಕು ಮಾತುಗಳ ಮೂಲವು ನಮಗೆ ಗೊತ್ತಾಯಿತು. ಆ ರಾತ್ರಿಯೇ ಅವಳ ಪಾಳಿ ಇದ್ದಿತು. ಹೊರಡುವಾಗ ಅವಳು ಲಟ್ಟಣಿಗೆಯೊಂದನ್ನು ನಮ್ಮ ಕೈಗೆ ಕೊಟ್ಟು ಹೀಗೆಂದಳು:

“ಮಾಸ್ತರ್ರ, ಮುಂಜಾನೆ ಐದೂವರಿಗೆ ಈ ಗ್ವಾಡಿ ಮ್ಯಾಲೆ ಆಚಿಂದ ಎರಡು ಸಲ ಬಡದ ಸಪ್ಪಳ ಆಗ್ತೈತ್ರಿ. ನೀವು ತಿರುಗಿ ಎರಡು ಸಲ ಬಡೀರಿ. ಸಪ್ಪಳ ಬರದಿದ್ರ ಮೊಳೀಗೆ ತೂಗಹಾಕಿದ ಕೀಲಿ ತಗೊಂಡು ಅಮ್ಮಗೋಳು ಹೋಗಿ ಬಾಗಲಾ ತಗೀಲಿ.”

ಗೋಡೆಯಾಚೆಗೆ ಎಪ್ಪತ್ತೆಂಟು ವರ್ಷದ ಅಜ್ಜಿಯೊಬ್ಬಳು ಒಂಟಿಯಾಗಿರುತ್ತಾಳೆ. ಹಳೆಯ ಊರಿನ ಅವಳ ಮನೆಯು ಹಿನ್ನೀರಿಗೆ ಹೋಯಿತು, ಮಗನು ಪುಣೆಯಲ್ಲಿ. ಕಳೆದ ಮಳೆಗಾಲದಲ್ಲಿ ಒಂದು ದಿನ ಅವಳ ಬಾಗಿಲಲ್ಲಿ ಹಾಲಿನ ಪಾಕೀಟು ಹತ್ತು ಗಂಟೆಯಾದರೂ ಹಾಗೆಯೇ ಬಿದ್ದಿದ್ದಿತಂತೆ. ಎಂಟು ಬಾಗಿಲುಗಳ ಜನರು ಅದನ್ನು ದಾಟಿಕೊಂಡು ಕೆಲಸಕ್ಕೆ ಹೋದರು. ರಾತ್ರಿಯ ಪಾಳಿ ಮುಗಿಸಿ ತಡವಾಗಿ ಬಂದ ಹುಡುಗಿಯು ನಿಂತಳು, ಕರೆದಳು, ಕಾವಲುಗಾರನಿಂದ ಬಾಗಿಲು ಮುರಿಯಿಸಿದಳು. ಅಜ್ಜಿಯು ಬಚ್ಚಲಲ್ಲಿ ಜಾರಿ ಬಿದ್ದು, ತೊಡೆಯ ಎಲುಬು ಮುರಿದುಕೊಂಡು, ಕೂಗಿ ಕೂಗಿ ದನಿ ಉಡುಗಿದ್ದಳು. ಆಸ್ಪತ್ರೆಯಿಂದ ಮರಳಿದಂದಿನಿಂದ ಇಬ್ಬರ ನಡುವೆ ಈ ಗೋಡೆಯ ಮಾತು ನಡೆದಿದೆ. ಹುಡುಗಿಗೆ ಪಾಳಿಯಿದ್ದ ದಿನ ಅವಳು ಆಸ್ಪತ್ರೆಯಿಂದಲೇ ಫೋನು ಮಾಡುವಳು. ಅವಳು ಕೆಲಸಕ್ಕೆ ಮುಟ್ಟಿದ ಸುದ್ದಿ ಬರುವವರೆಗೆ ಅಜ್ಜಿಯು ದೀಪವಾರಿಸುವದಿಲ್ಲ. ಬಟ್ಟೆಯಲ್ಲಿ ಸುತ್ತಿದ್ದ ಆ ರೊಟ್ಟಿಗಳೂ ಅಜ್ಜಿಯ ಕೈಯವೇ.

ಅಂದು ನಮಗೆ ನಿದ್ರೆ ಬರಲಿಲ್ಲ. ಐದಕ್ಕೇ ಎದ್ದು, ಲಟ್ಟಣಿಗೆಯನ್ನು ಹಿಡಿದುಕೊಂಡು ಗೋಡೆಯ ಬದಿಗೆ ಕುಳಿತೆವು. ಐದೂವರೆಯಾಯಿತು, ಸದ್ದಿಲ್ಲ. ಐದು ಮೂವತ್ತೈದು, ಸದ್ದಿಲ್ಲ. ನಮ್ಮ ಮನೆಯವರು ಕೀಲಿ ತೆಗೆದುಕೊಂಡು ಬಾಗಿಲಿಗೆ ನಡೆದರು. ಮುಖವನ್ನೂ ಕಂಡಿರದ ಒಬ್ಬ ಮುದುಕಿಗಾಗಿ ನಮ್ಮ ಕೈಕಾಲು ನಡುಗಿದವೆಂದರೆ ಅತಿಶಯೋಕ್ತಿಯಲ್ಲ. ಅಷ್ಟರಲ್ಲಿ ಆಚೆಯಿಂದ ಎರಡು ಸದ್ದುಗಳು, ಮೆಲ್ಲಗೆ. ನಾವು ಎರಡು ಸಲ ಬಡಿದೆವು. ಆನಂದದ ಭರದಲ್ಲಿ ಅದು ತುಸು ಜೋರಾಯಿತೆಂದು ತೋರುತ್ತದೆ. ಬೆಳಗಾದ ಮೇಲೆ ಕೋಲೂರಿಕೊಂಡು ಬಂದ ಅಜ್ಜಿಯು, “ಯಾರಪಾ ಹೊಸಬರು? ನೀರಿಗೆ ಒಂದು ಮನಿ ಹೋತು, ಇದೊಂದು ಗ್ವಾಡಿನಾರ ಉಳಸ್ರಿ” ಎಂದು ನಗಿಸಿದಳು.

ಕನ್ನಡದಲ್ಲಿ “ನೆರೆ” ಎಂಬ ಮಾತೊಂದಿದೆ. ಬಳಿಯವರು ಎಂದೂ ಅದರ ಅರ್ಥ, ಉಕ್ಕಿ ಬರುವ ಪ್ರವಾಹ ಎಂದೂ ಅರ್ಥ. ಕ್ರಿಯಾಪದವಾಗಿ ಕೂಡುವದು, ಸೇರುವದು ಎಂದೂ ಅರ್ಥ. ಸಂಸ್ಕೃತದ ಪ್ರತಿವೇಶಿ ಶಬ್ದಕ್ಕೆ ಈ ವಿಸ್ತಾರವಿಲ್ಲ. ಅದು ನೆರೆಮನೆಯವರನ್ನಷ್ಟೇ ಹೇಳುತ್ತದೆ. ಬಾಗಲಕೋಟೆಯಲ್ಲಿ ಒಂದು ನೆರೆಯು ಇನ್ನೊಂದು ನೆರೆಯನ್ನು ಕೊಚ್ಚಿಕೊಂಡು ಹೋಯಿತು. ಸರಕಾರವು ಮುಳುಗಿದ ಮನೆಗೆ ಪರಿಹಾರ ಕೊಡಬಹುದು, ನಿವೇಶನ ಕೊಡಬಹುದು; ನೆರೆಯನ್ನು ಕೊಡಲಾರದು. ಅದು ಜನರು ತಾವೇ ನೆರೆದು ಆಗತಕ್ಕದ್ದು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಹೋದ ವರ್ಷ ಹುನಗುಂದದಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು ಎಂಟು ದಿನ ಜ್ವರದಿಂದ ಮಲಗಿದ್ದರು. ನಮಗೆ ತಿಳಿದದ್ದು ಒಂಬತ್ತನೆಯ ದಿನ. ನಮಗೆ ಕಟ್ಟೆಯಿದೆ, ಪಡಸಾಲೆಯಿದೆ, ನಡುವೆ ಮೊಣಕಾಲೆತ್ತರದ ಗೋಡೆಯಿದೆ. ಆ ಗೋಡೆಯಾಚೆ ಕಣ್ಣು ಹಾಯಿಸುವ ಮನಸ್ಸೊಂದು ಇರಲಿಲ್ಲ. ಹೀಗಿರುವಾಗ ಅಪಾರ್ಟಮೆಂಟನ್ನು ನಿಂದಿಸುವ ಅಧಿಕಾರವು ನಮಗೆಲ್ಲಿಂದ ಬಂತು?

ಹೊರಡುವ ಮುನ್ನ ಮೆಟ್ಟಿಲ ಮೇಲಿನ ಗೃಹಸ್ಥರನ್ನು ನಾವಾಗಿಯೇ ಹುಡುಕಿಕೊಂಡು ಹೋಗಿ, ರಾತ್ರಿ ಆಸ್ಪತ್ರೆಗೆ ಬಂದ ರೋಗಿಯ ರಕ್ತವನ್ನು ಯಾರಾದರೂ ರಾತ್ರಿಯೇ ಪರೀಕ್ಷಿಸಬೇಕಾಗುವದೆಂದೂ, ಆ ಯಾರೋ ಒಬ್ಬಳು ಈಕೆಯೆಂದೂ ತಿಳಿಸಿದೆವು. ಅವರು “ಹೌದ್ರಿ, ಹೌದ್ರಿ” ಎಂದರು. ಒಪ್ಪಿದರೋ ಇಲ್ಲವೋ ಹೇಳಲಾರೆವು. ಚಪ್ಪಲಿಗಳು ಇನ್ನೂ ಬಾಗಿಲಲ್ಲಿಯೇ ಇವೆ.

ಇಲಕಲ್ಲಿಗೆ ಹೋದಾಗ ಆ ತಂದೆಯು ಮಗ್ಗದಲ್ಲಿದ್ದರು. ಇಲಕಲ್ಲ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದರೊಳಗೊಂದು ಕುಣಿಕೆ ಹಾಕಿ ಕೂಡಿಸುವ ಕೆಲಸಕ್ಕೆ ನೇಕಾರರು ತೆನಿ ಎನ್ನುತ್ತಾರೆ. ಅವರು ಅದೇ ಕೆಲಸದಲ್ಲಿದ್ದರು. ತಲೆಯೆತ್ತದೆ, “ಏನ್ರಿ ಮಾಸ್ತರ್ರ, ಕರಕೊಂಡು ಬರ್ಲ್ಯಾ?” ಎಂದು ಕೇಳಿದರು. “ಬೇಡ. ಆದರೆ ನೀವಿಬ್ಬರೂ ಹೋಗಿ ನಾಲ್ಕು ದಿನ ಇದ್ದು ಬನ್ನಿರಿ. ಮುಂಜಾನೆ ಐದೂವರೆಗೆ ಎಚ್ಚರವಾಗಿರಿ. ನಿಮ್ಮ ಮಗಳು ಅಲ್ಲಿ ತೆನಿ ಹಾಕಿದ್ದಾಳೆ” ಎಂದು, ನಡೆದುದನ್ನೆಲ್ಲ ಹೇಳಿದೆವು. ಅವರು ಎಳೆಗಳನ್ನು ಕೈಬಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತರು. ಒಳಗಿನಿಂದ ತಾಯಿಯು, “ಆ ಅಜ್ಜಿಗೆ ಏನು ಸೇರ್ತದಂತ್ರಿ?” ಎಂದು ಕೇಳಿದಳು.

ವಾಚಕರೇ, ನಿಮ್ಮ ಮಕ್ಕಳು ಬೆಂಗಳೂರು, ಪುಣೆ, ಬಾಗಲಕೋಟೆ ಎಲ್ಲಿಯಾದರೂ ಒಂಟಿಯಾಗಿದ್ದರೆ, ಉಂಡೆಯಾ, ಮಲಗಿದೆಯಾ ಎಂಬದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿರಿ: ಗೋಡೆಯಾಚೆ ಯಾರಿದ್ದಾರೆ? ಉತ್ತರ ಬಾರದಿದ್ದರೆ, ಮುಂದಿನ ಸಲ ಹೋಗುವಾಗ ಕರದಂಟಿನ ಪೊಟ್ಟಣಗಳು ಎರಡಿರಲಿ. ಎರಡನೆಯದನ್ನು ನೀವೇ ಪಕ್ಕದ ಬಾಗಿಲಿಗೆ ಒಯ್ಯಿರಿ.

ನಾವಂತೂ ಊರಿಗೆ ಬಂದ ಮರುದಿನವೇ ಪಕ್ಕದ ಮನೆಗೆ ಹೋಗಿ, “ಹೇಗಿದ್ದೀರಿ?” ಎಂದು ಕೇಳಿ ಬಂದೆವು. ಆ ಹಿರಿಯರು ನಮ್ಮನ್ನು ಕಂಡು ಗಾಬರಿಯಾಗಿ, “ಏನಾಯ್ತ್ರಿ ಮಾಸ್ತರ್ರ?” ಎಂದರು. ಕಾರಣವಿಲ್ಲದೆ ನಾವು ಆ ಬಾಗಿಲಿಗೆ ಹೋಗಿ ಅಷ್ಟು ದಿನಗಳಾಗಿದ್ದವು.