ಹೈದರಾಬಾದಿನ ಫಿರ್ಯಾದೂ ಮಧ್ಯಸ್ತಿಕೆಯ ಪ್ರಶ್ನೆಯೂ

ಸೆಪ್ಟೆಂಬರ್ 17ನೆಯ ತಾರೀಖು ಬಂದಿತೆಂದರೆ ಕಲಬುರಗಿ, ಬೀದರ, ರಾಯಚೂರು ಮೊದಲಾದ ಜಿಲ್ಲೆಗಳಲ್ಲಿ ಧ್ವಜಾರೋಹಣವಾಗುವುದು ವಾಚಕರಿಗೆ ತಿಳಿದ ವಿಷಯವೇ. 1948ರಲ್ಲಿ ಆ ದಿನ ನಿಜಾಮರ ಸರ್ಕಾರವು ಶರಣಾಗತವಾಯಿತು. ಸರದಾರ ಪಟೇಲರ ದಾರ್ಢ್ಯವನ್ನೂ ಭಾರತಸೈನ್ಯದ ಶೀಘ್ರಗತಿಯನ್ನೂ ಭಾಷಣಕಾರರು ಕೊಂಡಾಡುತ್ತಾರೆ, ಅದು ಯುಕ್ತವೇ. ಆದರೆ ಅದರ ಹಿಂದಿನ ದಿನ ಪ್ಯಾರಿಸ್ ನಗರದಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಲಿಯು ಹೈದರಾಬಾದಿನ ಫಿರ್ಯಾದನ್ನು ವಿಚಾರಣೆಗೆ ತೆಗೆದುಕೊಂಡಿದ್ದಿತೆಂಬುದನ್ನೂ, ಅಲ್ಲಿ ಭಾರತದ ಪರವಾಗಿ ವಾದಿಸಿದವರು ಅಂದಿನ ಮೈಸೂರು ದಿವಾನರಾದ ಸರ್ ಎ. ರಾಮಸ್ವಾಮಿ ಮೊದಲಿಯಾರ್ ಅವರೆಂಬುದನ್ನೂ ನೆನೆಯುವವರು ವಿರಳ.

ಯಾವ ದೇಶದಲ್ಲಾಗಲಿ ಒಂದು ಪ್ರಾಂತವು ಬೇರೆಯಾಗಬೇಕೆಂದು ಹಟ ಹಿಡಿದಾಗ, ಪರರಾಷ್ಟ್ರಗಳು ನಡುವೆ ಬಂದು ಸಮಾಧಾನ ಮಾಡಿಸಬೇಕೆಂದು ಕೆಲವರೂ, ನಮ್ಮ ಮನೆಯ ವ್ಯಾಜ್ಯದಲ್ಲಿ ಹೊರಗಿನವರಿಗೇನು ಕೆಲಸವೆಂದು ಕೆಲವರೂ ಕೂಗುತ್ತಾರೆ. ಬೆಣ್ಣೆಗಾಗಿ ಕಾದಾಡಿದ ಬೆಕ್ಕುಗಳಿಗೆ ಕಪಿಯು ಹೇಳಿದ ನ್ಯಾಯದ ಕಥೆಯನ್ನು ಬಾಲ್ಯದಲ್ಲಿಯೇ ಕೇಳಿದ ನಮ್ಮ ಜನರಿಗೆ ಎರಡನೆಯ ಪಕ್ಷವೇ ರುಚಿಸುವುದು ಸಹಜ. ಆದರೂ ನಮ್ಮ ನೆರೆಯಲ್ಲಿಯೇ ನಡೆದುಹೋದ ಹೈದರಾಬಾದಿನ ಪ್ರಕರಣವನ್ನು ಸಾವಧಾನವಾಗಿ ನೋಡಿದರೆ, ಮಧ್ಯಸ್ತಿಕೆಯು ಎಲ್ಲಿ ಕೆಟ್ಟಿತೆಂಬುದು ತಿಳಿಯದೆ ಇರದು.

ಹೈದರಾಬಾದು 82 ಸಾವಿರ ಚದರ ಮೈಲಿಗಳ ಸಂಸ್ಥಾನ. 1941ರ ಖಾನೇಷುಮಾರಿಯಂತೆ ಅದರ ಜನಸಂಖ್ಯೆ 1 ಕೋಟಿ 60 ಲಕ್ಷವನ್ನು ಮೀರಿದ್ದಿತು. ಸಮುದ್ರತೀರವಿಲ್ಲ, ಸುತ್ತಲೂ ಭಾರತದ ನೆಲ. ಇಂತಹ ಸಂಸ್ಥಾನವು ಸ್ವತಂತ್ರ ರಾಷ್ಟ್ರವಾಗುವುದೆಂದು ನಿಜಾಮರು 1947ರಲ್ಲಿ ಘೋಷಿಸಿದಾಗ ಪ್ರಜೆಗಳನ್ನು ಯಾರೂ ಕೇಳಿರಲಿಲ್ಲ. ಅದೇ ವರ್ಷ ನಮ್ಮಲ್ಲಿ ಏನಾಯಿತು? ಮಹಾರಾಜರು ಆಗಸ್ಟಿನಲ್ಲಿಯೇ ಭಾರತಕ್ಕೆ ಸೇರುವ ಪತ್ರಕ್ಕೆ ರುಜು ಮಾಡಿದರು. ಜವಾಬ್ದಾರಿ ಸರ್ಕಾರಕ್ಕಾಗಿ ಮಾತ್ರ ಸತ್ಯಾಗ್ರಹವಾಗಬೇಕಾಯಿತು. ಇದೇ ಮೊದಲಿಯಾರರ ವಿರುದ್ಧ ‘ಆರ್ಕಾಟ್ ಬಾಯ್ಕಾಟ್’ ಎಂಬ ಘೋಷವು ಬೀದಿಬೀದಿಗಳಲ್ಲಿ ಎದ್ದಿತು. ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರನ್ನು ನಮ್ಮ ನಗರದ ವೃತ್ತವೊಂದು ಇಂದಿಗೂ ಹೊತ್ತಿದೆ. ಆದರೂ ಅಕ್ಟೋಬರ್ ಮುಗಿಯುವುದರೊಳಗೆ ಶ್ರೀ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಅರಮನೆಯು ಪ್ರಜೆಗಳ ಮಾತಿಗೆ ಕಿವಿಗೊಟ್ಟುದರಿಂದ ಮೂರನೆಯವರು ಬರಬೇಕಾದ ಪ್ರಮೇಯವೇ ಇಲ್ಲಿ ಒದಗಲಿಲ್ಲ.

ನಿಜಾಮರಿಗೆ ಸಂಧಾನಕಾರರ ಅಭಾವವಿದ್ದಿತೆಂದು ಯಾರೂ ಹೇಳಲಾರರು. ಎಲ್ಲರಿಗಿಂತ ಮೊದಲು ಅವರ ಬಳಿಯಲ್ಲಿದ್ದವರು ನಮ್ಮವರೇ ಆದ ಸರ್ ಮಿರ್ಜಾ ಇಸ್ಮಾಯಿಲರು. 1926ರಿಂದ 1941ರವರೆಗೆ ಮೈಸೂರಿನ ದಿವಾನಗಿರಿಯನ್ನು ನಡೆಸಿದ ಆ ಮಹನೀಯರು 1946ರಲ್ಲಿ ಹೈದರಾಬಾದಿನ ಪ್ರಧಾನಮಂತ್ರಿಗಳಾದರು. ಮುಸಲ್ಮಾನರಾಗಿದ್ದು, ಹಿಂದೂ ಮಹಾರಾಜರ ಪರಮ ವಿಶ್ವಾಸಕ್ಕೆ ಪಾತ್ರರಾಗಿದ್ದವರು. ದೆಹಲಿಯಲ್ಲಿಯೂ ಅವರ ಮಾತಿಗೆ ಬೆಲೆಯಿದ್ದಿತು. ಉಭಯಪಕ್ಷಗಳಿಗೂ ಬೇಕಾದ ಇಂತಹವರು ದೊರೆಯುವುದು ದುರ್ಲಭ. ಭಾರತದೊಡನೆ ಹೊಂದಿಕೊಂಡು ಹೋಗಬೇಕೆಂಬ ಅವರ ಹಿತೋಕ್ತಿಯು ಇತ್ತೆಹಾದ್ ಪಕ್ಷದವರಿಗೆ ವಿಷವಾಯಿತು; ಒಂದು ವರ್ಷವೂ ತುಂಬುವುದರೊಳಗೆ, 1947ರ ಮೇ ತಿಂಗಳಲ್ಲಿ, ಅವರು ಆ ಪದವಿಯನ್ನು ಬಿಟ್ಟು ಹೊರಬರಬೇಕಾಯಿತು.

ಅನಂತರ ಆಂಗ್ಲ ನ್ಯಾಯವಾದಿ ಸರ್ ವಾಲ್ಟರ್ ಮಾಂಕ್ಟನ್ನರು ಓಡಾಡಿದರು. ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. 1948ರ ಜೂನ್ ತಿಂಗಳಲ್ಲಿ, ಮೌಂಟ್‌ಬ್ಯಾಟನ್ನರು ಭಾರತವನ್ನು ಬಿಡುವುದಕ್ಕೆ ಮುಂಚೆ, ಮತ್ತೊಂದು ಕರಡು ಸಿದ್ಧವಾಯಿತು. ರಜಾಕಾರರ ದಳವನ್ನು ವಿಸರ್ಜಿಸಬೇಕು, ಜವಾಬ್ದಾರಿ ಸರ್ಕಾರಕ್ಕೆ ದಾರಿಮಾಡಬೇಕು, ಸೇರ್ಪಡೆಯ ವಿಷಯದಲ್ಲಿ ಪ್ರಜೆಗಳ ಮತವನ್ನು ಕೇಳಬೇಕು ಎಂಬವು ಅದರ ಮುಖ್ಯ ಅಂಶಗಳು. ನಿಜಾಮರು ಅದನ್ನೂ ನಿರಾಕರಿಸಿದರು. ಸಾಮಾನುಗಳ ಸಾಗಣೆಗೆ ಭಾರತದ ಕಡೆಯಿಂದ ತಡೆಯುಂಟಾಗಿದೆಯೆಂಬ ಅವರ ದೂರು ಕೇವಲ ಕಲ್ಪನೆಯಾಗಿರಲಿಲ್ಲವೆಂದು ನಾವು ಒಪ್ಪುತ್ತೇವೆ. ಆದರೆ ಅದೇ ಕಾಲದಲ್ಲಿ ಸಿಡ್ನಿ ಕಾಟನ್ ಎಂಬ ವೈಮಾನಿಕನು ಕರಾಚಿಯಿಂದ ಆಯುಧಗಳನ್ನು ಹೊತ್ತು ತರುತ್ತಿದ್ದನು. ಕಾಸಿಂ ರಜವಿಯ ಅನುಚರರು ಹಳ್ಳಿಗಳನ್ನು ಸುಲಿಯುತ್ತಿದ್ದರು. ಬೀದರ ಜಿಲ್ಲೆಯ ಗೋರಟಾ ಗ್ರಾಮದ ಹತ್ಯಾಕಾಂಡವು ನಡೆದುದು 1948ರ ಮೇ ತಿಂಗಳಲ್ಲಿ. ಕಾಯಬೇಕಾದ ಸರ್ಕಾರವು ಸುಮ್ಮನೆ ನೋಡುತ್ತಿದ್ದಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ರೈತನು ಯಾರಲ್ಲಿ ಮೊರೆಯಿಡಬೇಕು?

ಹೀಗೆ ಹತ್ತಿರದ ಸಂಧಾನಗಳನ್ನೆಲ್ಲಾ ಕಾಲಹರಣಕ್ಕೆ ಉಪಯೋಗಿಸಿಕೊಂಡು, ಕೊನೆಗೆ ಆಗಸ್ಟ್ 21ರಂದು ನಿಜಾಮರ ಸರ್ಕಾರವು ದೂರದ ಭದ್ರತಾ ಮಂಡಲಿಯ ಬಾಗಿಲನ್ನು ತಟ್ಟಿತು. ಸೆಪ್ಟೆಂಬರ್ 13ರಂದು ಸೈನ್ಯವು ಗಡಿ ದಾಟಿತು. 16ರಂದು ಮಂಡಲಿಯು ಸೇರಿದಾಗ, ಹೈದರಾಬಾದು ಅಂತಾರಾಷ್ಟ್ರೀಯ ನ್ಯಾಯದ ದೃಷ್ಟಿಯಲ್ಲಿ ರಾಷ್ಟ್ರವೇ ಅಲ್ಲ, ಫಿರ್ಯಾದು ಕೊಡುವ ಅಧಿಕಾರವೇ ಅದಕ್ಕಿಲ್ಲವೆಂದು ಮೊದಲಿಯಾರರು ಪ್ರತಿಪಾದಿಸಿದರು. ಮರುದಿನವೇ ಯುದ್ಧವು ಮುಗಿಯಿತು. 22ರಂದು ನಿಜಾಮರು ಫಿರ್ಯಾದನ್ನು ಹಿಂತೆಗೆದುಕೊಂಡರು. ಹಾಗಿದ್ದರೂ ಮಂಡಲಿಯ ಕಾರ್ಯಪಟ್ಟಿಯಲ್ಲಿ ಹೈದರಾಬಾದಿನ ಹೆಸರು ಹಲವು ದಶಕಗಳ ಕಾಲ ಉಳಿದುಕೊಂಡಿದ್ದಿತು!

ಮೊದಲಿಯಾರರ ವಾದವು ಸರಿಯಾದುದೆಂದೇ ನಮ್ಮ ಮತ. ವಾದವನ್ನು ಗೆದ್ದ ಮಾತ್ರಕ್ಕೆ ಲೆಕ್ಕವು ತೀರಿತೆಂದು ಹೇಳಲು ಮಾತ್ರ ನಮಗೆ ಮನಸ್ಸು ಬಾರದು. ಐದು ದಿನಗಳ ಕಾರ್ಯಾಚರಣೆಯ ತರುವಾಯ ಸೇಡಿನ ಬೆಂಕಿಗೆ ಸಿಕ್ಕಿದವರು ಬಡ ಮುಸಲ್ಮಾನ ಪ್ರಜೆಗಳು. ಪಂಡಿತ ಸುಂದರಲಾಲರ ಸಮಿತಿಯು ಸಂಸ್ಥಾನದಲ್ಲೆಲ್ಲಾ ಸತ್ತವರು 27 ಸಾವಿರದಿಂದ 40 ಸಾವಿರವೆಂದು ಅಂದಾಜು ಮಾಡಿತು. ಹೆಚ್ಚು ಹಾನಿಗೊಂಡ ಜಿಲ್ಲೆಗಳಲ್ಲಿ ನಮ್ಮ ಬೀದರ, ಕಲಬುರಗಿಗಳೂ ಸೇರಿದ್ದವು. ಆ ವರದಿಯು ಬಹುಕಾಲ ಬೆಳಕು ಕಾಣಲಿಲ್ಲ. ಗೋರಟಾದ ಹೆಣಗಳನ್ನು ಎಣಿಸಿದವರು ಈ ಹೆಣಗಳನ್ನು ಎಣಿಸಲು ಹಿಂಜರಿದರೆ ಅದು ದೇಶಭಕ್ತಿಯಾಗದು. ಸಕಾಲದಲ್ಲಿ ನಡೆದ ಸಂಧಾನವು ಕೈಗೂಡಿದ್ದರೆ ಈ ಎರಡು ಬಗೆಯ ಮರಣಗಳೂ ತಪ್ಪುತ್ತಿದ್ದವು.

ಪರರ ಮಧ್ಯಸ್ತಿಕೆಯು ಫಲಿಸಿದ ಸಂದರ್ಭಗಳು ಇಲ್ಲದಿಲ್ಲ. ಸ್ವೀಡಿಷ್ ಭಾಷೆಯ ಜನರಿರುವ ಆಲಂಡ್ ದ್ವೀಪಗಳ ಪ್ರಶ್ನೆಯನ್ನು 1921ರಲ್ಲಿ ರಾಷ್ಟ್ರಸಂಘವು ತೀರ್ಮಾನಿಸಿ, ದ್ವೀಪಗಳನ್ನು ಫಿನ್ಲೆಂಡಿಗೇ ಉಳಿಸಿತು, ಅಲ್ಲಿಯ ಭಾಷೆಗೂ ಸ್ವಯಮಾಡಳಿತಕ್ಕೂ ರಕ್ಷಣೆಯನ್ನು ಕೊಡಿಸಿತು. ಉಭಯ ಸರ್ಕಾರಗಳೂ ತೀರ್ಪಿಗೆ ತಲೆಬಾಗಿದವು. ಸಿಂಹಳದಲ್ಲಿ ನಾರ್ವೆಯವರು 2002ರಲ್ಲಿ ಮಾಡಿಸಿದ ಕದನವಿರಾಮವೋ ಮುರಿದುಬಿದ್ದು, 2009ರಲ್ಲಿ ಎಲ್ಲವೂ ರಕ್ತದಲ್ಲಿ ಕೊನೆಗೊಂಡಿತು. ನಮ್ಮ ಸರ್ಕಾರವೇ 1964ರಲ್ಲಿ ನಾಗಾ ಪ್ರದೇಶದ ಶಾಂತಿನಿಯೋಗದಲ್ಲಿ ಜಯಪ್ರಕಾಶ ನಾರಾಯಣರೊಡನೆಯೂ ಅಸ್ಸಾಮಿನ ಚಾಲಿಹರೊಡನೆಯೂ ಆಂಗ್ಲ ಪಾದ್ರಿ ಮೈಕೇಲ್ ಸ್ಕಾಟರನ್ನು ಒಪ್ಪಿಕೊಂಡಿದ್ದಿತು; ಅದರಿಂದ ಕದನವಿರಾಮವೂ ಆಯಿತು, ಭಾರತದ ಸಾರ್ವಭೌಮತ್ವವು ಕುಂದಲಿಲ್ಲ. ಎರಡು ವರ್ಷಗಳೊಳಗೆ ಸ್ಕಾಟರನ್ನು ಹೊರಗೆ ಕಳುಹಿಸಬೇಕಾಯಿತೆಂಬುದೂ ನಿಜ.

ಮಿರ್ಜಾ ಅವರು ಹೈದರಾಬಾದಿನ ಪದವಿಯನ್ನು ಬಿಟ್ಟುದಕ್ಕೂ ಸೈನ್ಯವು ಗಡಿ ದಾಟಿದುದಕ್ಕೂ ನಡುವೆ ಹದಿನಾರು ತಿಂಗಳುಗಳಿದ್ದವು. ದೇಶದ ಯಾವ ಮೂಲೆಯಲ್ಲಾದರೂ ಅಸಮಾಧಾನವು ಹೊಗೆಯಾಡತೊಡಗಿದಾಗ, ಅಲ್ಲಿಯ ಭಾಷೆಯನ್ನು ಬಲ್ಲ, ಎರಡು ಕಡೆಯವರೂ ನಂಬುವ ಒಬ್ಬಿಬ್ಬರನ್ನು ಮೊದಲ ತಿಂಗಳಿನಲ್ಲಿಯೇ ಕಳುಹಿಸಬೇಕೆಂದು ನಾವು ಅಧಿಕಾರಸ್ಥರನ್ನು ಕೇಳಿಕೊಳ್ಳುತ್ತೇವೆ. ಸೆಪ್ಟೆಂಬರ್ 17ರ ಸಮಾರಂಭಗಳಲ್ಲಿ ಗೋರಟಾದ ಮೃತರೊಡನೆ, ಆ ದಿನದ ತರುವಾಯ ಸತ್ತ ನಿರಪರಾಧಿಗಳಿಗೂ ಒಂದು ನಿಮಿಷದ ಮೌನವು ಸಲ್ಲಲಿ.