ಒಬ್ಬಂಟಿ ಆಟಗಾರನೂ ವೀರನ ಆಯ್ಕೆಯೂ

ಬಲವೆಂಬುದು ಎಲ್ಲ ಕಡೆಗೂ ಒಂದೇ ತೂಕದ ವಸ್ತುವಲ್ಲ. ಬಂಡಿಗೆ ಹೂಡಿದ ಎತ್ತಿನ ಬಲ ಜೊತೆಯ ಎತ್ತಿನೊಡನೆ ಹೆಜ್ಜೆ ಹೊಂದಿದಾಗಲೇ ಕಾಣುತ್ತದೆ. ಒಂಟಿಯಾಗಿ ಕಟ್ಟಿದರೆ ಅದೇ ಎತ್ತು ಬಂಡಿಯನ್ನು ದಾರಿಯಿಂದ ಆಚೆಗೆ ಎಳೆದೀತು. ಆದಕಾರಣ ‘ಯಾರು ಬಲಿಷ್ಠರು?’ ಎಂದು ಕೇಳುವುದಕ್ಕೆ ಮೊದಲು ‘ಯಾವ ಸಂದರ್ಭದಲ್ಲಿ, ಯಾರ ಕೈಯಲ್ಲಿ?’ ಎಂದು ಕೇಳುವುದು ವಿವೇಕ. ಇಂದಿನ ತರುಣರು ಮೊಬೈಲ್ ಫೋನಿನಲ್ಲಿ ಆಡುವ ರಣರಂಗದ ಆಟಗಳಲ್ಲಿ ಈ ಪ್ರಶ್ನೆ ಪ್ರತಿಯೊಂದು ಪಂದ್ಯದ ಆರಂಭದಲ್ಲಿಯೂ ಎದುರಾಗುತ್ತದೆ. ಅದಕ್ಕೆ ಅವರಲ್ಲಿ ಬಹುಮಂದಿ ಕಂಡುಕೊಂಡಿರುವ ಉತ್ತರ ಸರಿಯಲ್ಲವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಇಂತಹ ಆಟಗಳಲ್ಲಿ ‘ಮೊಬೈಲ್ ಲೆಜೆಂಡ್ಸ್’ ಪ್ರಖ್ಯಾತವಾದುದು. ಚೀನದ ಶಾಂಘೈ ನಗರದ ಮೂನ್‌ಟನ್ ಸಂಸ್ಥೆ ಇದನ್ನು ೨೦೧೬ರಲ್ಲಿ ಹೊರತಂದಿತು. ಇಂಡೋನೇಷ್ಯ, ಫಿಲಿಪೈನ್ಸ್, ಮಲೇಷ್ಯ ದೇಶಗಳಲ್ಲಿ ಇದು ಮನೆಮಾತಾಯಿತು. ೨೦೧೯ರಲ್ಲಿ ಫಿಲಿಪೈನ್ಸಿನಲ್ಲಿ ನಡೆದ ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲಿ ಈ ಆಟಕ್ಕೂ ಪದಕಗಳಿದ್ದವು; ಚಿನ್ನವನ್ನು ಆತಿಥೇಯ ರಾಷ್ಟ್ರವೂ ಬೆಳ್ಳಿಯನ್ನು ಇಂಡೋನೇಷ್ಯವೂ ಪಡೆದವು. ಭಾರತ ಸರ್ಕಾರ ೨೦೨೦ರ ಜೂನ್ ೨೯ರಂದು ನಿಷೇಧಿಸಿದ ೫೯ ಚೀನೀ ಆ್ಯಪ್‌ಗಳ ಪಟ್ಟಿಯಲ್ಲಿ ಈ ಆಟವೂ ಸೇರಿತ್ತು. ಆದರೆ ಇದೇ ಜಾತಿಯ ಬೇರೆ ಆಟಗಳ ಮೂಲಕ ಇದರ ರೀತಿನೀತಿ ಇಲ್ಲಿಯ ವಿದ್ಯಾರ್ಥಿಗಳಿಗೂ ಅಪರಿಚಿತವಲ್ಲ.

ಆಟದ ರಚನೆ ಸರಳವಾದುದು. ಪಕ್ಷಕ್ಕೆ ಐವರಂತೆ ಹತ್ತು ಮಂದಿ ಆಟಗಾರರು. ಎರಡು ಮೂಲೆಗಳಲ್ಲಿ ಎರಡು ಮೂಲನೆಲೆಗಳು. ಅವುಗಳ ನಡುವೆ ಮೂರು ಹಾದಿಗಳು. ಹಾದಿಗಳಲ್ಲಿ ಕಾವಲು ಬುರುಜುಗಳು. ಹಾದಿಗಳ ಮಧ್ಯದಲ್ಲಿ ಮೃಗಗಳಿರುವ ಕಾಡು. ಎದುರಾಳಿಯ ಬುರುಜುಗಳನ್ನು ಕೆಡವಿ ಕೊನೆಗೆ ಮೂಲನೆಲೆಯನ್ನು ಒಡೆದ ಪಕ್ಷಕ್ಕೆ ಜಯ. ಎಷ್ಟು ಮಂದಿಯನ್ನು ಕೊಂದರು ಎಂಬುದರಿಂದ ಜಯ ನಿರ್ಣಯವಾಗುವುದಿಲ್ಲ. ಪ್ರತಿಯೊಬ್ಬ ಆಟಗಾರನೂ ೧೨೦ಕ್ಕೂ ಮಿಕ್ಕ ವೀರರಲ್ಲಿ ಒಬ್ಬನನ್ನು ಆರಿಸಿಕೊಳ್ಳಬೇಕು. ಪೆಟ್ಟು ತಡೆಯುವವರು, ಮುಖಾಮುಖಿ ಹೋರಾಡುವವರು, ಮರೆಯಿಂದ ಎರಗುವವರು, ಮಂತ್ರಶಕ್ತಿಯವರು, ದೂರದಿಂದ ಗುರಿಯಿಡುವವರು, ಇತರರಿಗೆ ಒತ್ತಾಸೆಯಾಗುವವರು ಎಂದು ವೀರರಲ್ಲಿ ಆರು ವರ್ಗಗಳು. ಶ್ರೇಣಿಯ ಪಂದ್ಯದಲ್ಲಿ ಗೆದ್ದವನಿಗೆ ಒಂದು ನಕ್ಷತ್ರ ಸಿಗುತ್ತದೆ; ಸೋತವನು ಒಂದು ನಕ್ಷತ್ರ ಕಳೆದುಕೊಳ್ಳುತ್ತಾನೆ. ಹೀಗೆ ವಾರಿಯರ್ ಎಂಬ ಕೆಳಮೆಟ್ಟಿಲಿನಿಂದ ಮಿಥಿಕ್ ಎಂಬ ಮೇಲ್ಮೆಟ್ಟಿಲಿನವರೆಗೆ ಏರಬೇಕು.

ಐವರು ಗೆಳೆಯರು ಮಾತಾಡಿಕೊಂಡು ಕೂಡಿ ಆಡುವುದು ಒಂದು ಬಗೆ. ಒಬ್ಬನೇ ಹೋಗಿ, ಯಂತ್ರವು ಒಟ್ಟುಗೂಡಿಸಿದ ನಾಲ್ವರು ಅಪರಿಚಿತರೊಡನೆ ಆಡುವುದು ಇನ್ನೊಂದು ಬಗೆ. ಈ ಎರಡನೆಯ ಬಗೆಯ ಆಟಗಾರನೇ ಒಬ್ಬಂಟಿ. ಅವನಿಗೆ ಜೊತೆಗಾರರ ಹೆಸರು ತಿಳಿಯದು, ಭಾಷೆ ತಿಳಿಯದು, ಕೈಚಳಕದ ಮಟ್ಟವೂ ತಿಳಿಯದು. ಅವನು ಸಾಮಾನ್ಯವಾಗಿ ಆಶ್ರಯಿಸುವುದು ‘ಈ ತಿಂಗಳ ಅತಿ ಬಲಿಷ್ಠ ವೀರರು’ ಎಂದು ಎಲ್ಲೆಲ್ಲೂ ಪ್ರಚಾರವಾಗುವ ಪಟ್ಟಿಗಳನ್ನು. ಪಟ್ಟಿಯಲ್ಲಿ ಮೊದಲಿಗನಾದವನನ್ನು ಆರಿಸಿದರೆ ಗೆಲುವು ತಾನಾಗಿಯೇ ಬಂದೀತೆಂಬುದು ಅವನ ನಂಬಿಕೆ.

ಈ ನಂಬಿಕೆಯಲ್ಲಿ ಮೂರು ದೋಷಗಳಿವೆ. ಮೊದಲನೆಯದು, ತಂಡದ ಬಲವನ್ನು ವ್ಯಕ್ತಿಯ ಬಲವೆಂದು ಭ್ರಮಿಸುವುದು. ೨೦೨೧ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ನಡೆದ ಈ ಆಟದ ಮೂರನೆಯ ವಿಶ್ವ ಚಾಂಪಿಯನ್‌ಷಿಪ್ಪನ್ನು ಗೆದ್ದುದು ಫಿಲಿಪೈನ್ಸಿನ ಬ್ಲ್ಯಾಕ್‌ಲಿಸ್ಟ್ ಇಂಟರ್‌ನ್ಯಾಷನಲ್ ತಂಡ. ಎಸ್ಟೆಸ್ ಎಂಬ ಚಿಕಿತ್ಸಕ ವೀರನನ್ನು ನಡುವೆ ಇರಿಸಿಕೊಂಡು, ಐವರೂ ಅವನ ಸುತ್ತ ಒತ್ತಾಗಿ ಚಲಿಸುವ ಯುದ್ಧಕ್ರಮಕ್ಕೆ ಆ ತಂಡ ಹೆಸರಾಗಿತ್ತು. ಅದನ್ನು ಕಂಡು ಒಬ್ಬಂಟಿ ಆಟಗಾರನೂ ಎಸ್ಟೆಸನನ್ನು ಆರಿಸಿದರೆ ಆಗುವುದೇನು? ನಾಲ್ವರು ನಾಲ್ಕು ದಿಕ್ಕಿಗೆ ಓಡುತ್ತಾರೆ. ಚಿಕಿತ್ಸಕನು ರೋಗಿಗಳನ್ನು ಹುಡುಕುತ್ತ ಅಲೆಯುತ್ತಾನೆ. ವಾಹನವಾಗಿ ಮಾರ್ಪಟ್ಟು ಜೊತೆಗಾರನನ್ನು ಹೊತ್ತೊಯ್ಯುವ ಜಾನ್ಸನ್, ಮತ್ತೊಬ್ಬ ವೀರನೊಡನೆ ಬೆಸೆದುಕೊಂಡು ಕಾಪಾಡುವ ಏಂಜೆಲಾ ಇವರ ವಿಷಯವೂ ಹೀಗೆಯೇ. ಏರುವವನು ಏರದಿದ್ದರೆ ವಾಹನ ಬರಿದಾಗಿ ಓಡುತ್ತದೆ.

ಎರಡನೆಯದು, ಕೈಯ ಅಭ್ಯಾಸವನ್ನು ಮರೆಯುವುದು. ಫ್ಯಾನಿ ಎಂಬ ವೀರಾಂಗನೆ ಗೋಡೆಗಳಿಗೆ ಉಕ್ಕಿನ ಹಗ್ಗ ಎಸೆದು ಹಾರಾಡುತ್ತಾಳೆ. ಪಳಗಿದವನ ಕೈಯಲ್ಲಿ ಅವಳನ್ನು ಹಿಡಿಯುವುದು ಬಲು ಕಷ್ಟ. ಹೊಸಬನ ಕೈಯಲ್ಲಿ ಅವಳ ಶಕ್ತಿಯೆಲ್ಲ ಹಗ್ಗ ಎಸೆಯುವುದರಲ್ಲಿಯೇ ಮುಗಿದು ಶತ್ರುವಿನ ಮುಂದೆ ಬರಿಗೈಯಲ್ಲಿ ನಿಲ್ಲುತ್ತಾಳೆ. ಪಟ್ಟಿಯಲ್ಲಿ ಕಾಣುವ ಗೆಲುವಿನ ಪ್ರಮಾಣ ಯಾರ ಕೈಯಿಂದ ಬಂದುದೆಂಬುದನ್ನು ಪಟ್ಟಿ ಹೇಳುವುದಿಲ್ಲ. ಮೂರನೆಯದು, ತಯಾರಕರು ಆಗಾಗ ವೀರರ ಬಲಾಬಲವನ್ನು ತಿದ್ದುತ್ತಲೇ ಇರುತ್ತಾರೆ. ಪಟ್ಟಿಯ ಬೆನ್ನು ಹತ್ತಿದವನು ಪ್ರತಿ ಸಲವೂ ಹೊಸ ವೀರನನ್ನು ಹಿಡಿದು, ಯಾರಲ್ಲಿಯೂ ಪರಿಣತನಾಗದೆ ಉಳಿಯುತ್ತಾನೆ.

ಹಾಗಾದರೆ ಒಬ್ಬಂಟಿಗೆ ತಕ್ಕ ವೀರನ ಲಕ್ಷಣವೇನು? ಮೂರು ಪ್ರಶ್ನೆಗಳಿಂದ ಅದನ್ನು ಪರೀಕ್ಷಿಸಬಹುದು. ಯಾರೂ ನೆರವಿಗೆ ಬಾರದಿದ್ದರೂ ಇವನು ತನ್ನ ಕೆಲಸವನ್ನು ಆರಂಭಿಸಬಲ್ಲನೆ? ತನ್ನ ಪಕ್ಷ ಹಿಂದೆ ಬಿದ್ದಾಗಲೂ ಇವನಿಂದ ಏನಾದರೂ ಪ್ರಯೋಜನ ಉಳಿದೀತೆ? ಆಪತ್ತಿನಿಂದ ಪಾರಾಗುವ, ಇಲ್ಲವೆ ಆಪತ್ತನ್ನು ತಾಳಿಕೊಳ್ಳುವ ಉಪಾಯ ಇವನಲ್ಲಿದೆಯೆ? ಈ ಪರೀಕ್ಷೆಗೆ ದೂರದಿಂದ ಗುರಿಯಿಡುವ ಲೈಲಾ ಎಂಬ ವೀರಾಂಗನೆಯಂಥವಳನ್ನು ಒಡ್ಡಿ ನೋಡಬೇಕು. ಅವಳ ಗುರಿ ಬಹುದೂರ ಮುಟ್ಟುತ್ತದೆ, ಪೆಟ್ಟೂ ಬಲವಾದುದು. ಆದರೆ ಜಿಗಿದು ತಪ್ಪಿಸಿಕೊಳ್ಳುವ ಶಕ್ತಿಯಿಲ್ಲ. ಮುಂದೆ ನಿಂತು ಕಾಯುವವರಿಲ್ಲದಿದ್ದರೆ ಆ ಬಲವೆಲ್ಲ ವ್ಯರ್ಥ. ತನ್ನಂತೆಯೇ ಕಾಣುವ ಪ್ರತಿರೂಪಗಳನ್ನು ಸೃಷ್ಟಿಸಿ ಬುರುಜನ್ನು ಕೆಡವಬಲ್ಲ ಸುನ್ ಎಂಬ ವಾನರವೀರನಾದರೋ, ಉಳಿದ ನಾಲ್ವರು ಬೇರೆಡೆ ಕಾದಾಡುತ್ತಿರುವಾಗಲೂ ಜಯಕ್ಕೆ ನೇರವಾಗಿ ದುಡಿಯಬಲ್ಲನು.

ಇಲ್ಲಿ ಒಂದು ಪ್ರಬಲವಾದ ವಾದವನ್ನು ಎದುರಿಸಲೇಬೇಕು. ‘ಅಪರಿಚಿತರನ್ನು ನಂಬುವಂತಿಲ್ಲ, ಆದ್ದರಿಂದ ಒಬ್ಬಂಟಿಯು ಯಾವಾಗಲೂ ಕೊಲ್ಲುವ ವೀರನನ್ನೇ ಆರಿಸಬೇಕು, ಪೆಟ್ಟು ತಡೆಯುವ ಕೆಲಸವನ್ನು ಬೇರೆಯವರಿಗೆ ಬಿಡಬೇಕು’ ಎಂದು ಅನುಭವಿಗಳೂ ಹೇಳುವುದುಂಟು. ಮೇಲ್ನೋಟಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಅದೇ ವಾದವನ್ನು ಐವರೂ ಹಿಡಿದಾಗ ಆಗುವುದನ್ನು ಯೋಚಿಸಬೇಕು. ಐವರು ಕತ್ತಿ ಹಿಡಿದು ನಿಲ್ಲುತ್ತಾರೆ. ಗುರಾಣಿ ಹಿಡಿದವನು ಒಬ್ಬನೂ ಇರುವುದಿಲ್ಲ. ಅಂತಹ ಪಕ್ಷದಲ್ಲಿ ಆರನೆಯ ಕತ್ತಿಗಿಂತ ಒಂದು ಗುರಾಣಿಯ ಬೆಲೆ ಹೆಚ್ಚು.

ಈ ಆಟದ ವೀರರಲ್ಲಿ ಕನ್ನಡ ಓದುಗರಿಗೆ ಪರಿಚಿತನಾದ ಒಬ್ಬನಿದ್ದಾನೆ. ಅವನೇ ಗಟೋಟ್ಕಾಚ. ಭೀಮಸೇನನ ಮಗ ಘಟೋತ್ಕಚನು ಜಾವಾ ದ್ವೀಪದ ವಾಯಾಂಗ್ ಗೊಂಬೆಯಾಟದಲ್ಲಿ ಆಕಾಶಸಂಚಾರಿಯಾದ ಪರಾಕ್ರಮಿಯೆಂದು ಬಹುಕಾಲದಿಂದ ಪ್ರಸಿದ್ಧ. ಅಲ್ಲಿಂದಲೇ ಅವನು ಈ ಆಟಕ್ಕೆ ಬಂದನು. ಆಟದಲ್ಲಿ ಅವನದು ಪೆಟ್ಟು ತಡೆಯುವ ವರ್ಗ. ದೂರದಿಂದ ಹಾರಿಬಂದು ಶತ್ರುಗಳ ನಡುವೆ ಎರಗಿ, ಅವರ ದೃಷ್ಟಿಯನ್ನೆಲ್ಲ ತನ್ನ ಮೇಲೆ ಎಳೆದುಕೊಳ್ಳುತ್ತಾನೆ. ಮೂಲಕಥೆಯನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಕರ್ಣನು ಅರ್ಜುನನಿಗೆಂದು ಮೀಸಲಿಟ್ಟಿದ್ದ, ಒಮ್ಮೆ ಮಾತ್ರ ಪ್ರಯೋಗಿಸಬಹುದಾದ ಶಕ್ತ್ಯಾಯುಧ ವ್ಯಯವಾದುದು ಘಟೋತ್ಕಚನ ಮೇಲೆ. ಅವನು ಬಿದ್ದನು, ಅರ್ಜುನನು ಉಳಿದನು. ಆಟದ ರಣರಂಗದಲ್ಲಿಯೂ ಎದುರಾಳಿಯ ಮಹಾಶಕ್ತಿಯನ್ನು ತನ್ನ ಮೈಮೇಲೆ ಬರಮಾಡಿಕೊಂಡವನು ಕೊಂದವರ ಲೆಕ್ಕದಲ್ಲಿ ಮೊದಲಿಗನಾಗಿ ಕಾಣಿಸುವುದಿಲ್ಲ. ಅವನಿಲ್ಲದಿದ್ದರೆ ಆ ಲೆಕ್ಕ ಬೆಳೆಯುತ್ತಲೂ ಇರಲಿಲ್ಲ.

ಹೀಗೆಂದು ಒಬ್ಬಂಟಿಯು ಯಾವಾಗಲೂ ಗುರಾಣಿಯನ್ನೇ ಹಿಡಿಯಬೇಕೆಂದಲ್ಲ. ತಡೆಯುವವನೊಬ್ಬನೇ ಬುರುಜು ಕೆಡವಲಾರನು. ಜೊತೆಗಾರರು ಹೊಡೆಯದಿದ್ದರೆ ಅವನ ಸಾಹಸ ನಿಷ್ಫಲ. ಆದಕಾರಣ ಗುರಾಣಿ ಹಿಡಿಯುವವನು ಯುದ್ಧವನ್ನು ತಾನೇ ತೊಡಗಿಸಬಲ್ಲ ವೀರನನ್ನು ಆರಿಸುವುದು ಲೇಸು. ಟಿಗ್ರಿಯಲ್ ಎಂಬವನು ಸುತ್ತಲಿನ ಶತ್ರುಗಳನ್ನು ಒಂದೆಡೆಗೆ ಸೆಳೆದು ನಿಲ್ಲಿಸಿದಾಗ, ಮಾತಿಲ್ಲದೆಯೂ ಜೊತೆಗಾರರಿಗೆ ಸಮಯ ತಿಳಿಯುತ್ತದೆ. ಅಪರಿಚಿತರ ನಡುವೆ ಅಂತಹ ಕ್ರಿಯೆಯೇ ಭಾಷೆ. ಇಬ್ಬರು ಗುರಾಣಿಗಾರರು ಮೊದಲೇ ಇದ್ದರೆ ಮೂರನೆಯವನು ಕತ್ತಿಯನ್ನು ಹಿಡಿಯಬೇಕಾದುದೂ ಅಷ್ಟೇ ಸಹಜ. ಒಟ್ಟಿನಲ್ಲಿ ಎರಡು ವರ್ಗಗಳಲ್ಲಿ ಸೇರಿ ಮೂರು ನಾಲ್ಕು ವೀರರನ್ನು ಚೆನ್ನಾಗಿ ಪಳಗಿಸಿಕೊಂಡು, ಇತರರ ಆಯ್ಕೆಯನ್ನು ನೋಡಿ, ಕೊರತೆಯಿರುವ ಜಾಗವನ್ನು ತುಂಬುವವನೇ ಸಮರ್ಥನು. ಎಪಿಕ್ ಮೆಟ್ಟಿಲಿನಿಂದ ಮೇಲೆ ಎರಡೂ ಪಕ್ಷಗಳು ಕೆಲವು ವೀರರನ್ನು ಮೊದಲೇ ನಿಷೇಧಿಸುವ ಕ್ರಮವಿರುವುದರಿಂದ, ಒಬ್ಬನೇ ವೀರನನ್ನು ನೆಚ್ಚಿದವನಿಗೆ ಅಲ್ಲಿ ಉಳಿಗಾಲವಿಲ್ಲ.

ಇನ್ನು ಲೆಕ್ಕದ ಮಾತು. ಸೋತ ಒಬ್ಬಂಟಿಯು ಜೊತೆಗಾರರನ್ನು ದೂರುವುದು ಸಾಮಾನ್ಯ. ಆದರೆ ಅವನ ಪಕ್ಷದಲ್ಲಿರುವ ಅಪರಿಚಿತರು ನಾಲ್ವರು, ಎದುರಿನಲ್ಲಿ ಐವರು. ಅದೃಷ್ಟದ ಏರಿಳಿತ ಎರಡು ಕಡೆಗೂ ಸಮವೆಂದರೆ, ಬಹಳ ಪಂದ್ಯಗಳ ಮೇಲೆ ಉಳಿಯುವ ವ್ಯತ್ಯಾಸ ಅವನೊಬ್ಬನದೇ. ನೂರು ಪಂದ್ಯಗಳಲ್ಲಿ ೫೫ನ್ನು ಗೆದ್ದು ೪೫ನ್ನು ಸೋತವನಿಗೆ, ರಕ್ಷಣೆಯ ಅಂಕಗಳನ್ನು ಬದಿಗಿಟ್ಟರೆ, ಉಳಿಯುವುದು ಹತ್ತು ನಕ್ಷತ್ರ. ಪಂದ್ಯಕ್ಕೆ ೧೫ ನಿಮಿಷವೆಂದರೂ ಆ ಹತ್ತು ನಕ್ಷತ್ರಗಳ ಬೆಲೆ ೨೫ ಗಂಟೆಗಳು. ಅರ್ಧಕ್ಕಿಂತ ಕಡಿಮೆ ಗೆಲ್ಲುವವನಾದರೆ ಅಷ್ಟೇ ಕಾಲವನ್ನು ತೆತ್ತು ಕೆಳಕ್ಕೆ ಇಳಿದಿರುತ್ತಾನೆ. ಆಯ್ಕೆ ತಪ್ಪಾದರೆ ಕಳೆಯುವುದು ನಕ್ಷತ್ರವಲ್ಲ, ವಿದ್ಯಾರ್ಥಿದಶೆಯ ರಾತ್ರಿಗಳು. ಸೋತ ಕೋಪದಲ್ಲಿ ಮತ್ತೊಂದು, ಮಗದೊಂದು ಪಂದ್ಯಕ್ಕೆ ಇಳಿಯುವವನು ಈ ಬೆಲೆಯನ್ನು ಇಮ್ಮಡಿಯಾಗಿ ತೆರುತ್ತಾನೆ. ಎರಡು ಸೋಲಿನ ಮೇಲೆ ಫೋನನ್ನು ಕೆಳಗಿಡುವುದೂ ಆಟದ ಜಾಣ್ಮೆಯ ಒಂದು ಭಾಗವೇ.

ಅಧ್ಯಾಪಕರೂ ಪೋಷಕರೂ ಇಂತಹ ಆಟಗಳನ್ನು ಗದರಿಕೆಯಿಂದ ಮಾತ್ರ ಕಂಡರೆ ಹುಡುಗರು ಬಚ್ಚಿಟ್ಟುಕೊಂಡು ಆಡುವರಲ್ಲದೆ ವಿಚಾರ ಮಾಡಿ ಆಡಲಾರರು. ಆಡುವ ಅವಧಿಗೆ ಮಿತಿ ಹಾಕುವುದು ಹಿರಿಯರ ಕರ್ತವ್ಯವೆಂಬುದು ನಿರ್ವಿವಾದ. ಅದರೊಂದಿಗೆ ‘ಎಷ್ಟು ಗೆದ್ದೆ?’ ಎಂಬುದರ ಬದಲು ‘ಈ ವೀರನನ್ನೇ ಏಕೆ ಆರಿಸಿದೆ?’ ಎಂದು ಒಮ್ಮೆ ಕೇಳಿ ನೋಡುವುದು ಒಳ್ಳೆಯದು. ‘ಪಟ್ಟಿಯಲ್ಲಿತ್ತು’ ಎಂಬ ಉತ್ತರ ಬಂದರೆ ಹುಡುಗನಿಗೆ ಹೇಳಿಕೊಡಬೇಕಾದುದು ಇನ್ನೂ ಉಳಿದಿದೆ. ‘ನಮ್ಮ ಕಡೆ ತಡೆಯುವವರು ಯಾರೂ ಇರಲಿಲ್ಲ, ಅದಕ್ಕೆ’ ಎಂಬ ಉತ್ತರ ಬಂದರೆ, ಆ ಪಂದ್ಯದಲ್ಲಿ ಸೋತಿದ್ದರೂ ಅವನ ಆಯ್ಕೆ ಸರಿಯಾಗಿತ್ತೆಂದು ಹೇಳಲು ಹಿರಿಯರು ಹಿಂಜರಿಯಬಾರದು.