ಮೂರು ನಕ್ಷತ್ರ ಕಾಣುವ ತನಕ

ಶುಕ್ರವಾರ ಸಂಜೆ, ಸೂರ್ಯ ಮುಳುಗಲು ಇನ್ನೂ 40 ನಿಮಿಷ ಇರುವಾಗ, ಜೆರುಸಲೇಮಿನಲ್ಲಿ ಸೈರನ್ ಕೂಗುತ್ತದೆ. ಯುದ್ಧದ ಸೈರನ್ ಅಲ್ಲ. ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ದೀಪ ಹಚ್ಚುವ ಹೊತ್ತಾಯಿತು ಎಂಬ ಕರೆ. ಅಷ್ಟರೊಳಗೆ ಮುಗಿಸಬೇಕಾದ ಸಣ್ಣಪುಟ್ಟ ಕೆಲಸಗಳು ನೂರೆಂಟು. ಬಾಗಿಲು ತೆರೆದಾಗ ದೀಪ ಹೊತ್ತಿಕೊಳ್ಳದಂತೆ ಫ್ರಿಜ್ಜಿನ ಬಲ್ಬು ಸಡಿಲಿಸಬೇಕು. ಕೋಣೆಯ ದೀಪಗಳಿಗೆ ಟೈಮರ್ ಹೊಂದಿಸಬೇಕು. ಶೌಚಾಲಯದ ಟಿಶ್ಯೂ ಸುರುಳಿಯನ್ನು ಹರಿದು ಹಾಳೆ ಹಾಳೆಯಾಗಿ ಒಟ್ಟಿಡಬೇಕು, ಏಕೆಂದರೆ ನಾಳೆ ಹರಿಯುವುದೂ ನಿಷಿದ್ಧ. ಈ ಕೊನೆಯ ಕೆಲಸ ಬಹಳ ಮನೆಗಳಲ್ಲಿ ಮಕ್ಕಳ ಪಾಲಿನದು. ಐದು ವರ್ಷದ ಮಗುವಿಗೆ ಟಿಶ್ಯೂ ಹರಿಯುವ ಅಧಿಕಾರ ಕೊಟ್ಟರೆ ಅದರ ಉತ್ಸಾಹ ಹೇಗಿರುತ್ತದೆ ಎಂದು ಯಾವ ತಾಯಿಗೂ ವಿವರಿಸಿ ಹೇಳಬೇಕಿಲ್ಲ.

ಆಮೇಲೆ ಶುರುವಾಗುತ್ತದೆ 25 ಗಂಟೆಗಳ ಪರೀಕ್ಷೆ. ಯಹೂದಿ ಧರ್ಮಶಾಸ್ತ್ರ ಸಬ್ಬತ್ ದಿನದಂದು 39 ಬಗೆಯ ಕೆಲಸಗಳನ್ನು ನಿಷೇಧಿಸುತ್ತದೆ: ಉಳುವುದು, ಬಿತ್ತುವುದರಿಂದ ಹಿಡಿದು ಎರಡು ಅಕ್ಷರ ಬರೆಯುವುದು, ಅಳಿಸುವುದು, ಗಂಟು ಹಾಕುವುದು, ಬೆಂಕಿ ಹೊತ್ತಿಸುವುದು, ಆರಿಸುವುದರವರೆಗೆ. ಈ ಪಟ್ಟಿ ರೂಪುಗೊಂಡಾಗ ವಿದ್ಯುತ್ತೇ ಇರಲಿಲ್ಲ. ಆದರೆ ಇಂದಿನ ಸಂಪ್ರದಾಯಸ್ಥ ಮನೆಯಲ್ಲಿ ಟಿವಿ, ಫೋನು, ಟ್ಯಾಬು ಎಲ್ಲವೂ ಬಂದ್. ಬಣ್ಣದ ಪೆನ್ಸಿಲ್ ಇಲ್ಲ, ಕತ್ತರಿ ಇಲ್ಲ, ಗೋಂದು ಇಲ್ಲ, ಜೇಡಿಯಂಥ ಆಟದ ಮಣ್ಣೂ ಇಲ್ಲ. ಕಾರು ಹತ್ತಿಕೊಂಡು ಅಜ್ಜಿ ಮನೆಗೆ ಹೋಗಿಬಿಡೋಣವೆಂದರೆ ಅದೂ ಆಗದು. ಮನೆ ತುಂಬ ಮಕ್ಕಳು. ಮಳೆ ಹಿಡಿದ ಭಾನುವಾರ ಕರೆಂಟು ಹೋಗಿ, ಫೋನಿನ ಚಾರ್ಜೂ ಮುಗಿದ ಬೆಂಗಳೂರಿನ ಫ್ಲಾಟನ್ನು ನೆನೆದುಕೊಂಡರೆ ಅಂದಾಜು ಸಿಗಬಹುದು. ಇವರಿಗೆ ಅದು ಪ್ರತಿ ವಾರದ ಪಾಡು, ಅದೂ ಬೇಕೆಂದೇ ಬರಮಾಡಿಕೊಂಡದ್ದು.

ಇಷ್ಟೆಲ್ಲ ಕಟ್ಟುಪಾಡಿನ ನಡುವೆ ಮಕ್ಕಳು ಏನು ಮಾಡುತ್ತಾರೆ? ಧರ್ಮಗುರುಗಳೂ ಈ ಪ್ರಶ್ನೆಯನ್ನು ತಮಾಷೆ ಎಂದು ತಳ್ಳಿಹಾಕಿದವರಲ್ಲ. ಚೆಂಡು ಮುಟ್ಟಬಹುದೇ ಎಂಬುದು 16ನೇ ಶತಮಾನದಲ್ಲೇ ಚರ್ಚೆಗೆ ಬಂದಿತ್ತು. ಧರ್ಮಸಂಹಿತೆ ಬರೆದ ಯೋಸೆಫ್ ಕಾರೊ ಬೇಡ ಎಂದರು, ಅದಕ್ಕೆ ಟಿಪ್ಪಣಿ ಬರೆದ ಪೋಲೆಂಡಿನ ಮೋಶೆ ಇಸ್ಸೆರ್ಲೆಸ್ ತಮ್ಮ ಕಡೆ ರೂಢಿಯಲ್ಲಿದೆ, ಇರಲಿ ಎಂದರು. ಲೆಗೊ ಇಟ್ಟಿಗೆ ಜೋಡಿಸುವುದು ‘ಕಟ್ಟುವ’ ಕೆಲಸವೋ ಬರೀ ಆಟವೋ ಎಂದು ಈಗಲೂ ಎರಡು ಪಕ್ಷಗಳಿವೆ. ಸೈಕಲ್ಲಿನ ಕತೆಗಂತೂ ನಮ್ಮ ನೆಲದ ನಂಟಿದೆ. ಸಬ್ಬತ್ ದಿನ ಸೈಕಲ್ ತುಳಿಯಬಹುದೇ ಎಂದು ಬಾಗ್ದಾದಿನ ರಬ್ಬಿ ಯೋಸೆಫ್ ಹಾಯಿಮ್ ಅವರನ್ನು ಕೇಳಿದವರು ಮುಂಬಯಿಯ ಯಹೂದಿಗಳು. 1909ರಲ್ಲಿ ತೀರಿಕೊಂಡ ಈ ವಿದ್ವಾಂಸರು ಸೈಕಲ್ಲಿಗೆ ಅನುಮತಿ ಕೊಟ್ಟರು. ಮುಂದಿನ ಹೆಚ್ಚಿನ ಪಂಡಿತರು ಒಪ್ಪಲಿಲ್ಲ. ಪುಟ್ಟ ಮಕ್ಕಳ ಮೂರು ಗಾಲಿಯ ಸೈಕಲ್ಲಿಗೆ ಮಾತ್ರ ಅಷ್ಟು ತಕರಾರಿಲ್ಲ.

ಇದಕ್ಕಿಂತ ಸ್ವಾರಸ್ಯದ್ದು ‘ಬೇರ್ಪಡಿಸುವ’ ನಿಷೇಧ. ಕಾಳಿನಿಂದ ಕಸ ಆರಿಸುವುದು 39ರಲ್ಲಿ ಒಂದು. ಹಾಗಾದರೆ ನೆಲದ ಮೇಲೆ ಕಲಸಿಬಿದ್ದಿರುವ ಎರಡು ಮೂರು ಆಟಗಳ ಬಿಲ್ಲೆಗಳನ್ನು ಅವವುಗಳ ಡಬ್ಬಿಗೆ ಆರಿಸಿ ಹಾಕುವುದೂ ಅದೇ ಆಯಿತಲ್ಲ? ಆಯಿತು ಎನ್ನುತ್ತದೆ ಶಾಸ್ತ್ರ, ಕೆಲವು ವಿನಾಯಿತಿಗಳೊಂದಿಗೆ. ಆಟಿಕೆ ಎತ್ತಿಡದಿರಲು ಇಷ್ಟು ಘನವಾದ ನೆಪ ಜಗತ್ತಿನ ಬೇರೆ ಮಕ್ಕಳಿಗೆ ಸಿಕ್ಕಿರಲಾರದು.

ಉಳಿದಂತೆ ಆಟಗಳು ನಮಗೂ ಪರಿಚಿತವಾದವೇ. ಇಸ್ರೇಲಿನ ಮಕ್ಕಳು ‘ಹಮೇಶ್ ಅವನಿಮ್’ ಆಡುತ್ತಾರೆ. ಹೆಸರಿನ ಅರ್ಥ ಐದು ಕಲ್ಲು. ಕಲ್ಲಿನ ಬದಲು ಚಿಕ್ಕ ಲೋಹದ ಘನಗಳು, ಅಷ್ಟೇ ವ್ಯತ್ಯಾಸ. ಒಂದನ್ನು ಮೇಲಕ್ಕೆ ಚಿಮ್ಮಿ, ಅದು ಕೆಳಗೆ ಬೀಳುವುದರೊಳಗೆ ಉಳಿದವನ್ನು ಬಾಚಿಕೊಳ್ಳುವ ಆ ಕೈಚಳಕವನ್ನು ಜಗಲಿಯ ಮೇಲೆ ಗಜ್ಜುಗ ಆಡಿದ ಯಾವ ಹೆಂಗಸೂ ಕಂಡೊಡನೆ ಗುರುತಿಸಿಯಾಳು. ದೊಡ್ಡವರೂ ಕೂಡಿಕೊಂಡರೆ ರಮ್ಮಿಕಬ್. ರುಮೇನಿಯಾದಲ್ಲಿ ಹುಟ್ಟಿ ಇಸ್ರೇಲಿಗೆ ಬಂದ ಎಫ್ರಾಯಿಮ್ ಹೆರ್ಟ್ಸಾನೊ ರೂಪಿಸಿದ, 1980ರಲ್ಲಿ ಜರ್ಮನಿಯ ‘ವರ್ಷದ ಆಟ’ ಪ್ರಶಸ್ತಿ ಪಡೆದ ಬಿಲ್ಲೆಯಾಟ. ಅಂಕ ಬರೆದುಕೊಳ್ಳುವಂತಿಲ್ಲವಲ್ಲ, ಅದಕ್ಕೊಂದು ಉಪಾಯ: ಒಬ್ಬೊಬ್ಬರಿಗೆ ಒಂದೊಂದು ದಪ್ಪ ಪುಸ್ತಕ. 47 ಅಂಕ ಬಂದರೆ 47ನೇ ಪುಟಕ್ಕೆ ಗುರುತಿನ ಪಟ್ಟಿ, ಮುಂದಿನ ಸುತ್ತಿನಲ್ಲಿ 20 ಬಂದರೆ ಪಟ್ಟಿ 67ಕ್ಕೆ ಜರುಗುತ್ತದೆ.

ಆದರೆ ಆಟದ ಪಟ್ಟಿ ನೋಡಿ ಈ ಮನೆಗಳ ಗುಟ್ಟು ಸಿಕ್ಕಿತೆಂದುಕೊಂಡರೆ ಮೋಸಹೋದಂತೆ. ರಜೆ ಬಂತೆಂದರೆ ‘ಮಕ್ಕಳನ್ನು ಎಂಗೇಜ್ ಮಾಡುವುದು ಹೇಗೆ’ ಎಂದು ನಮ್ಮ ಪೇಟೆಯ ತಾಯ್ತಂದೆ ಹುಡುಕುವುದೂ ಇಂಥದೇ ಪಟ್ಟಿಯನ್ನು. ಕಿಟ್ ಬರುತ್ತದೆ, ಶಿಬಿರಕ್ಕೆ ಹಣ ಕಟ್ಟುತ್ತಾರೆ, ಮಗು ತೊಡಗಿಕೊಳ್ಳುತ್ತದೆ, ಅಪ್ಪ ಫೋನಿಗೆ ಮರಳುತ್ತಾನೆ. ಸಬ್ಬತ್ ಮನೆಯಲ್ಲಿ ಅಪ್ಪನಿಗೆ ಮರಳಲು ಫೋನೇ ಇಲ್ಲ. ಹತ್ತು ಆಜ್ಞೆಗಳಲ್ಲಿ ವಿಶ್ರಾಂತಿಯ ಆಜ್ಞೆ ಮನೆಯ ಯಜಮಾನನನ್ನು ಮೊದಲು ಹಿಡಿದುಕೊಂಡು, ಆಮೇಲೆ ಮಗ, ಮಗಳು, ಆಳು, ದನಕರುಗಳಿಗೆ ಬರುತ್ತದೆ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ನಮ್ಮ ಹಳ್ಳಿಗಳ ರೈತನಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ: ಎತ್ತಿಗೆ ಬಿಡುವು ಸಿಗಬೇಕಾದರೆ ಒಡೆಯ ನೇಗಿಲು ಬಿಡಲೇಬೇಕು.

ಶುಕ್ರವಾರ ರಾತ್ರಿಯ ಊಟದಲ್ಲಿ ಇದು ಕಣ್ಣಿಗೆ ಕಾಣುವಂತಿರುತ್ತದೆ. ಊಟಕ್ಕೆ ಮುನ್ನ ತಂದೆ ಒಬ್ಬೊಬ್ಬ ಮಗುವಿನ ತಲೆಯ ಮೇಲೂ ಕೈಯಿಟ್ಟು ಹರಸುತ್ತಾನೆ. ಗಂಡುಮಕ್ಕಳು ಎಫ್ರಾಯಿಮ್ ಮತ್ತು ಮನಸ್ಸೆಯಂತೆ, ಹೆಣ್ಣುಮಕ್ಕಳು ಸಾರಾ, ರೆಬೆಕ್ಕಾ, ರಾಹೇಲ್, ಲೇಯಾರಂತೆ ಆಗಲೆಂದು. ವಾರವೆಲ್ಲ ಬೈದಿದ್ದರೂ ಆ ಕ್ಷಣ ತಪ್ಪುವುದಿಲ್ಲ. ಬಟ್ಟೆ ಹೊದೆಸಿಟ್ಟ ಎರಡು ಹೆಣಿಗೆಯ ರೊಟ್ಟಿಗಳ ಮುಸುಕು ಸರಿಯುತ್ತದೆ, ಹಾಡು ಶುರುವಾಗುತ್ತದೆ. ಆ ವಾರದ ಧರ್ಮಗ್ರಂಥದ ಪಾಠದ ಮೇಲೆ ಮಕ್ಕಳಿಗೆ ಪ್ರಶ್ನೆಗಳು. ಶಾಲೆಯಿಂದಲೇ ಪ್ರಶ್ನೆ-ಉತ್ತರದ ಹಾಳೆ ಬಂದಿರುವುದೂ ಉಂಟು. ಸರಿಯುತ್ತರಕ್ಕೆ ಮಿಠಾಯಿ. ತಪ್ಪುತ್ತರಕ್ಕೂ ಮಿಠಾಯಿ ಕೊಡುವ ಅಜ್ಜಂದಿರು ಎಲ್ಲ ಧರ್ಮಗಳಲ್ಲೂ ಇದ್ದಾರೆ.

ಇದಕ್ಕೆ ತಾಲೀಮು ನಡೆಯುವುದು ಶಿಶುವಿಹಾರದಲ್ಲಿ. ಇಸ್ರೇಲಿನ ಶಿಶುವಿಹಾರಗಳಲ್ಲಿ, ಅಷ್ಟೇನೂ ಧಾರ್ಮಿಕವಲ್ಲದವುಗಳಲ್ಲೂ, ಶುಕ್ರವಾರ ಒಬ್ಬ ಹುಡುಗಿ ‘ಸಬ್ಬತ್ತಿನ ಅಮ್ಮ’, ಒಬ್ಬ ಹುಡುಗ ‘ಸಬ್ಬತ್ತಿನ ಅಪ್ಪ’ ಆಗುತ್ತಾರೆ. ಇವಳು ದೀಪದ ಮುಂದೆ ನಿಲ್ಲುತ್ತಾಳೆ, ಅವನು ದ್ರಾಕ್ಷಾರಸದ ಬಟ್ಟಲು ಹಿಡಿದು ಗಂಭೀರವಾಗಿ ಮಂತ್ರ ಹೇಳುತ್ತಾನೆ. ಸರದಿ ಬರಲೆಂದು ಮಕ್ಕಳು ವಾರಗಟ್ಟಲೆ ಕಾಯುತ್ತಾರೆ. ಮನೆಯ ಆಚರಣೆಯಲ್ಲಿ ತನಗೂ ಒಂದು ಪಾತ್ರವಿದೆ ಎಂದು ನಾಲ್ಕನೇ ವಯಸ್ಸಿಗೇ ತಿಳಿದ ಮಗುವಿಗೆ ಬೇಸರ ಬಾರದೆಂದಲ್ಲ. ಆ ಬೇಸರದ ಜತೆಗೆ ಒಂದಿಷ್ಟು ಜಂಬವೂ ಇರುತ್ತದೆ.

ಬರೀ ‘ಬೇಡ’ಗಳಿಂದ ಕಟ್ಟಿದ ಸಬ್ಬತ್ ಏನಾಗುತ್ತದೆ ಎಂಬುದಕ್ಕೆ 19ನೇ ಶತಮಾನದ ಇಂಗ್ಲೆಂಡ್, ಅಮೆರಿಕಗಳ ಕ್ರೈಸ್ತ ಭಾನುವಾರಗಳೇ ಸಾಕ್ಷಿ. ಕಲಾವಿಮರ್ಶಕ ಜಾನ್ ರಸ್ಕಿನ್ ತನ್ನ ಆತ್ಮಕಥೆಯಲ್ಲಿ ಬಾಲ್ಯದ ಭಾನುವಾರದ ಭಯ ಶುಕ್ರವಾರದಿಂದಲೇ ಮೇಲೆರಗುತ್ತಿತ್ತೆಂದು ನೆನೆಯುತ್ತಾನೆ. ಅನೇಕ ಮನೆಗಳಲ್ಲಿ ಅಂದು ಎಲ್ಲ ಆಟಿಕೆಗಳೂ ಬೀರು ಸೇರುತ್ತಿದ್ದವು. ಹೊರಗುಳಿಯುತ್ತಿದ್ದುದು ಮರದ ನೋಹನ ನಾವೆ ಮಾತ್ರ, ಅದು ಬೈಬಲಿನ ಕತೆಯೆಂಬ ಕಾರಣಕ್ಕೆ. ಆನೆ ಜಿರಾಫೆಗಳನ್ನು ಜೋಡಿ ಜೋಡಿಯಾಗಿ ಹತ್ತಿಸಿ ಇಳಿಸಿ ಎಷ್ಟು ಹೊತ್ತು ಕಳೆದಾರು? ಲಾರಾ ಇಂಗಲ್ಸ್ ವೈಲ್ಡರ್ 1932ರಲ್ಲಿ ಬರೆದ ‘ಲಿಟ್ಲ್ ಹೌಸ್ ಇನ್ ದ ಬಿಗ್ ವುಡ್ಸ್’ನಲ್ಲಿ ಅಂಥ ಒಂದು ಭಾನುವಾರವಿದೆ. ಬಟ್ಟೆ ಗೊಂಬೆಯನ್ನು ಎತ್ತಿಕೊಳ್ಳಬಹುದು, ಅದಕ್ಕೆ ಅಂಗಿ ಹೊಲಿಯುವಂತಿಲ್ಲ, ಓಡುವಂತಿಲ್ಲ, ಕೂಗುವಂತಿಲ್ಲ. ಪುಟ್ಟ ಲಾರಾ ತಡೆಯಲಾಗದೆ ಗಲಾಟೆ ಎಬ್ಬಿಸುತ್ತಾಳೆ, ಬೈಸಿಕೊಂಡು ಅಳುತ್ತಾಳೆ. ಆಗ ಅಪ್ಪ ಅವಳನ್ನು ಕರೆದು ಕತೆ ಹೇಳುತ್ತಾನೆ. ಅವನ ಅಪ್ಪನ ಕಾಲದಲ್ಲಿ ಇನ್ನೂ ಬಿಗಿ. ಅಣ್ಣತಮ್ಮಂದಿರು ಕದ್ದು ಹಿಮಜಾರುಬಂಡಿ ಹತ್ತಿದರೆ ದಾರಿಯಲ್ಲೊಂದು ಹಂದಿ ಅಡ್ಡಬಂದು ಬಂಡಿಯ ಮೇಲೇ ಕುಳಿತುಬಿಟ್ಟಿತು. ಕಿರುಚುವ ಹಂದಿಯ ಸಮೇತ ಅವರು ಜಾರಿಹೋದದ್ದು ಮನೆಬಾಗಿಲಲ್ಲಿ ನಿಂತ ತಂದೆಯ ಕಣ್ಣೆದುರೇ. ಲಾರಾಳ ಭಾನುವಾರವನ್ನು ಉಳಿಸಿದ್ದು ನಿಯಮ ಅಲ್ಲ, ಆ ಹಂದಿ. ಮತ್ತು ಅದರ ಕತೆ ಹೇಳಲು ಬಿಡುವಾಗಿದ್ದ ಅಪ್ಪ.

ಯಹೂದಿ ಸಬ್ಬತ್ತನ್ನೂ ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಈ ವಿಶ್ರಾಂತಿಯ ಹಿಂದಿನ ಅಡುಗೆ, ತೊಳೆ, ಒರಸು ಎಲ್ಲ ಶುಕ್ರವಾರವೇ ಮುಗಿಯಬೇಕು. ಬಹುಪಾಲು ಮನೆಗಳಲ್ಲಿ ಅದು ಹೆಂಗಸರ ತಲೆಯ ಮೇಲೆ. ಶನಿವಾರ ಮಧ್ಯಾಹ್ನವಂತೂ ಎಲ್ಲ ಆದರ್ಶಗಳೂ ತೂಕಡಿಸುವ ಹೊತ್ತು. ರಾತ್ರಿಯಿಡೀ ಬೆಂದ ಮಾಂಸ, ಬೀನ್ಸ್ ಕಾಳು, ಆಲೂಗಡ್ಡೆಯ ‘ಚೋಲೆಂಟ್’ ಉಂಡ ದೊಡ್ಡವರು ಮಲಗುತ್ತಾರೆ. ಚಿಕ್ಕವರಿಗೆ ‘ಸದ್ದು ಮಾಡಬೇಡಿ’. ದೊಡ್ಡ ಮಗಳು ತಮ್ಮ ತಂಗಿಯರನ್ನು ಕರೆದುಕೊಂಡು ಹೊರಗೆ ನಡೆಯುತ್ತಾಳೆ. ಜೆರುಸಲೇಮಿನ ಮೆಯಾ ಶೆಯಾರಿಮ್‌ನಂಥ ಬಡಾವಣೆಗಳಲ್ಲಿ ಅಂದು ರಸ್ತೆಗೆ ಅಡ್ಡಗಟ್ಟೆ ಬಿದ್ದಿರುತ್ತದೆ, ಬೀದಿ ಪೂರ್ತಿ ಮಕ್ಕಳದ್ದೇ. ಹಾಗಿಲ್ಲದ ಕಡೆ ನಾಲ್ಕು ಗೋಡೆಯೇ ಗತಿ. ಬೇಸಿಗೆಯಲ್ಲಿ ಲಂಡನ್ನಿನಂಥ ಊರುಗಳಲ್ಲಿ ಸಬ್ಬತ್ ಮುಗಿಯುವಾಗ ರಾತ್ರಿ 10 ದಾಟಿರುತ್ತದೆ. ಅಷ್ಟೊತ್ತಿಗೆ ಮಕ್ಕಳ ಬತ್ತಳಿಕೆಯೂ ಖಾಲಿ, ತಾಯಂದಿರ ತಾಳ್ಮೆಯೂ ಖಾಲಿ.

ಆದರೂ ಈ ದಿನ ಉಳಿದುಬಂದಿದೆ, ಇಂಡಿಯಾದಲ್ಲೂ. ಕೊಂಕಣದ ಬೆನೆ ಇಸ್ರೇಲ್ ಸಮುದಾಯದವರು ಗಾಣದಿಂದ ಎಣ್ಣೆ ತೆಗೆಯುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ನೆರೆಹೊರೆ ಅವರನ್ನು ಕರೆದದ್ದೇ ‘ಶನಿವಾರ ತೇಲಿ’, ಶನಿವಾರದ ಗಾಣಿಗರು, ಎಂದು. ಹೊರಗಿನ ಯಹೂದಿ ಲೋಕದೊಂದಿಗೆ ಸಂಪರ್ಕ ಕಡಿದ ಕಾಲದಲ್ಲೂ ಅವರು ವಾರದ ಈ ಬಿಡುವನ್ನು ಬಿಡಲಿಲ್ಲ. ನಿಂತ ಗಾಣ ಕಂಡ ಮಕ್ಕಳಿಗೆ ಅಂದು ಶನಿವಾರವೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಧರ್ಮದ ಹಂಗಿಲ್ಲದೆಯೂ ಇಂಥದು ಸಾಧ್ಯವೇ? ಕರ್ನಾಟಕದ ಗಡಿಗೆ ಅಂಟಿಕೊಂಡ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ 7 ಗಂಟೆಗೆ ಸೈರನ್ ಕೂಗುತ್ತದೆ. 8.30ರವರೆಗೆ ಟಿವಿ, ಮೊಬೈಲ್ ಬಂದ್. ಮಕ್ಕಳು ಓದಲೆಂದು ಮಾಡಿದ ಏರ್ಪಾಡು. ಆದರೆ ಕಟ್ಟು ಇಡೀ ಮನೆಗೆ. ‘ಮಕ್ಕಳ ಸ್ಕ್ರೀನ್ ಟೈಮ್’ ಬಗ್ಗೆ ಗೋಳಾಡುವ ನಮ್ಮ ಅಪಾರ್ಟ್‌ಮೆಂಟ್ ಸಭೆಗಳು ಗಮನಿಸಬೇಕಾದದ್ದು ಇದನ್ನೇ. 25 ಗಂಟೆ ಬೇಡ, ಭಾನುವಾರ ಮಧ್ಯಾಹ್ನದ ಮೂರು ತಾಸು ಅಪ್ಪ ಅಮ್ಮ ತಮ್ಮ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಿ. ಮೊದಲ ವಾರ ಒದ್ದಾಡುವವರು ಮಕ್ಕಳಾಗಿರುವುದಿಲ್ಲ.

ಶನಿವಾರ ಕತ್ತಲಾಗುತ್ತಿದ್ದಂತೆ ಬಾಲ್ಕನಿಯಲ್ಲಿ ಮಕ್ಕಳ ಕೊನೆಯ ಆಟ: ಮೂರು ನಕ್ಷತ್ರ ಎಣಿಸುವುದು. ಮೂರು ಕಂಡರೆ ಸಬ್ಬತ್ ಮುಗಿಯಿತು. ವಿಮಾನದ ದೀಪವನ್ನೂ ಲೆಕ್ಕಕ್ಕೆ ಸೇರಿಸುವ ಹುನ್ನಾರ ನಡೆಯುತ್ತದೆ. ಒಳಗೆ ಹಲವು ಬತ್ತಿಗಳನ್ನು ಹೆಣೆದ ಮೇಣದಬತ್ತಿ ಹೊತ್ತುತ್ತದೆ. ಅದನ್ನು ಹಿಡಿಯುವ ಹುಡುಗಿ ಎಷ್ಟು ಎತ್ತರಕ್ಕೆ ಎತ್ತುತ್ತಾಳೋ ಅವಳ ಗಂಡ ಅಷ್ಟು ಎತ್ತರದವನಾಗುತ್ತಾನೆಂದು ಮಾತಿದೆ, ಹಾಗಾಗಿ ತುದಿಗಾಲಲ್ಲಿ ನಿಂತಿರುತ್ತಾಳೆ. ಲವಂಗ ತುಂಬಿದ ಪೆಟ್ಟಿಗೆ ಮೂಗಿನಿಂದ ಮೂಗಿಗೆ ದಾಟುತ್ತದೆ. ದ್ರಾಕ್ಷಾರಸದಲ್ಲಿ ಬತ್ತಿ ಅದ್ದಿದಾಗ ಚುಂಯ್ ಎಂದು ಆರುತ್ತದೆ, ಯಾರೋ ದೀಪದ ಸ್ವಿಚ್ ಒತ್ತುತ್ತಾರೆ. ಸಿಂಕಿನಲ್ಲಿ ಪಾತ್ರೆಯ ರಾಶಿ. ನೆಲದ ಮೇಲೆ ಮೂರು ಆಟಗಳ ಬಿಲ್ಲೆಗಳು ಕಲಸಿಕೊಂಡು ಬಿದ್ದಿವೆ. ಬೇರ್ಪಡಿಸಲು ಈಗ ಯಾವ ಅಡ್ಡಿಯೂ ಇಲ್ಲ. ಮಕ್ಕಳಿಗೆ ಇದ್ದಕ್ಕಿದ್ದಂತೆ ನಿದ್ದೆ ಬಂದಿದೆ.